ಮೊಗೆಕಾಯಿಗೆ ಟೇಪು ಹಿಡಿದ ಟೇಲರ್ ಮಾವ

ಟೇಲರ್ ಮಾವನ ಬಾಯಿಯ ಬಲತುದಿಯಲ್ಲಿ ಸದಾ ಮೂರು ಗುಂಡುಸೂಜಿಗಳಿರುತ್ತಿದ್ದವು. ಹಾಗಾಗಿ ಮಾತೆಲ್ಲ ಎಡತುದಿಯಿಂದಲೇ ಹೊರಗೆ ಬರಬೇಕು, ಒಂದೇ ಕದ ತೆರೆದ ಬಾಗಿಲಲ್ಲಿ ಜನ ಅಡ್ಡಡ್ಡ ನುಸುಳಿ ಬಂದ ಹಾಗೆ. ವರ್ಷಗಟ್ಟಲೆ ಹೀಗೆ ಮಾತಾಡಿ ಅವರ ಮೀಸೆ ಕೂಡ ಎಡಕ್ಕೆ ವಾಲಿತ್ತು.

ಇದನ್ನು ಇಷ್ಟು ಖಚಿತವಾಗಿ ಹೇಳುತ್ತಿರುವವನು ಅವರನ್ನು ಚಿಕ್ಕಂದಿನಿಂದ ಅಣಕಿಸಿಕೊಂಡೇ ಬೆಳೆದವನು. ಭಟ್ಕಳದ ಹತ್ತಿರದ ನಮ್ಮೂರು ಬೆಳಕೆಯಲ್ಲಿ ಅವರ ಹಿತ್ತಿಲಿಗೂ ನಮ್ಮ ಹಿತ್ತಿಲಿಗೂ ನಡುವೆ ಒಣಕೋಲಿನ ಒಂದು ಬೇಲಿ ಮಾತ್ರ. ನಾನು ಭಟ್ಕಳದ ಮೊಬೈಲ್ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತೇನೆ. ಬಿಡುವಿದ್ದಾಗ ಊರವರ ಧ್ವನಿ ಕದಿಯುತ್ತೇನೆ. ಬಸ್ಸಿನ ಕಂಡಕ್ಟರು, ಮೀನು ಮಾರುವ ಅಕ್ಕಂದಿರು, ಸೀನುವ ಮೊದಲು ನಮ್ಮಪ್ಪ ಮಾಡುವ ಸದ್ದು, ಯಾವುದನ್ನೂ ಬಿಟ್ಟಿಲ್ಲ. ನನ್ನದನ್ನೂ ಬಿಟ್ಟಿಲ್ಲ. ನನ್ನ ಸ್ವಂತ ಧ್ವನಿ ಬೇಲಿಗೆ ಕುತ್ತಿಗೆ ಸಿಕ್ಕಿಸಿಕೊಂಡ ಆಡಿನದು.

ಅವರು ತೀರಿಕೊಂಡ ಹದಿನೈದು ದಿನಕ್ಕೆ ಕುಮಟೆಯಲ್ಲಿ ಒಂದು ಸಂಘದವರು ಶ್ರದ್ಧಾಂಜಲಿ ಸಭೆ ಇಟ್ಟರು. ಅಧ್ಯಕ್ಷರು ಮೈಕು ಹಿಡಿದು, "ಸದಾ ಹಸನ್ಮುಖಿ, ಶಾಂತಮೂರ್ತಿ" ಎಂದರು. ಸುಳ್ಳು. ಬಾಯಲ್ಲಿ ಮೂರು ಸೂಜಿ ಇಟ್ಟುಕೊಂಡವನು ನಗುವುದು ಹೇಗೆ? ಟೇಲರ್ ಮಾವ ಸಿಟ್ಟಿನ ಮನುಷ್ಯ. ಹೊಲಿಗೆ ತಪ್ಪಿದರೆ ಸಿಟ್ಟು, ಮಳೆ ತಪ್ಪಿದರೆ ಸಿಟ್ಟು, "ಬೀಜ ಎಂತಕ್ಕೆ ಇಟ್ಕಳ್ತ್ರಿ, ಪ್ಯಾಕೆಟ್ ತಂದ್ರಾತು" ಎಂದವರ ಮೇಲೆ ಕತ್ತರಿ ಎತ್ತುವಷ್ಟು ಸಿಟ್ಟು. ಸತ್ತ ಮನುಷ್ಯನಿಂದ ಅವನ ಸಿಟ್ಟನ್ನೂ ಕಸಿದುಕೊಂಡ ಆ ಸಭೆಯಿಂದ ಹಲ್ಲು ಕಚ್ಚಿಕೊಂಡು ಎದ್ದು ಬಂದೆ. ಇದನ್ನು ಬರೆಯುವಾಗಲೂ ಹಲ್ಲು ಪೂರ್ತಿ ಬಿಟ್ಟಿಲ್ಲ.

ಅವರ ಮನೆಯ ಮುಂದಿನ ಕೋಣೆಯೇ ಅಂಗಡಿ. ಹಿಂದೆ ಹಿತ್ತಿಲು. ಅಲ್ಲಿ ಬಿಳಿ ಬೆಂಡೆ, ಕೆಂಪು ಹರಿವೆ, ಮೊಳಕ್ಕಿಂತ ಉದ್ದದ ಅಲಸಂದೆ ಎಲ್ಲ ಇದ್ದವು. ಆದರೆ ಅವರ ಪ್ರಾಣವಿದ್ದದ್ದು ಮೊಗೆಕಾಯಿಯಲ್ಲಿ, ಘಟ್ಟದ ಮೇಲಿನವರು ಸಾಂಬಾರು ಸೌತೆ ಅನ್ನುವುದರಲ್ಲಿ. ಹಸಿರು ಮೈ, ಹಳದಿ ಪಟ್ಟೆ, ತೊಟ್ಟಿನ ಹತ್ತಿರ ಕೊಂಚ ಸಣ್ಣ ಸೊಂಟ. ಆ ಬೀಜ ಅವರದಲ್ಲ, ಹೆಂಡತಿಯದು. ಅತ್ತೆ ಕುಮಟೆಯ ಕಡೆಯಿಂದ ಮದುವೆಯಾಗಿ ಬರುವಾಗ ತಂದದ್ದು. ಅದರ ಹೋಳು ಎಷ್ಟು ಕುದಿಸಿದರೂ ಹೋಳಾಗಿಯೇ ಉಳಿಯುತ್ತಿತ್ತು. ಒಣ ಸಿಗಡಿ ಹಾಕಿ ಅತ್ತೆ ಮಾಡುತ್ತಿದ್ದ ಸಾರಿಗೆ ನಾನು ಕರೆಯದೆಯೂ ಹೋಗುತ್ತಿದ್ದೆ.

ಬೀಜಕ್ಕೆ ಕಾಯಿ ಆರಿಸುವುದನ್ನು ನೋಡಬೇಕಿತ್ತು. ಕುತ್ತಿಗೆಯ ಟೇಪು ತೆಗೆದು ಬಳ್ಳಿಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಒಂದೊಂದು ಮೊಗೆಕಾಯಿಗೂ ಎದೆ, ಸೊಂಟ, ಉದ್ದ ಹಿಡಿಯುತ್ತಿದ್ದರು. ಎಲ್ಲಕ್ಕಿಂತ ದೊಡ್ಡದನ್ನು ಯಾವಾಗಲೂ ಅಡುಗೆಗೆ ಕಳಿಸುತ್ತಿದ್ದರು. "ಅಷ್ಟು ದೊಡ್ಡದನ್ನ ಬಿಟ್ಟು ಇದ್ಯಾಕೆ ಮಾವ?" ಎಂದು ಒಮ್ಮೆ ಕೇಳಿದ್ದೆ.

"ದೊಡ್ಡದೆಲ್ಲಾ ಒಳ್ಳೇದಲ್ಲ ಮಾರಾಯಾ. ಈ ಊರ ದೊಡ್ಡವ್ರಿಗೆಲ್ಲಾ ಅಳತೆ ತೆಗ್ದವ ನಾನು."

ಆರಿಸಿದ ಕಾಯಿಗಳನ್ನು ಬಾಳೆನಾರಿನ ಕುಣಿಕೆಯಲ್ಲಿ ಕಟ್ಟಿ ಅಂಗಡಿಯ ತೊಲೆಗೆ ತೂಗಹಾಕುತ್ತಿದ್ದರು. ಅಲ್ಲಿ ಮಳೆಗಾಲ ಪೂರ್ತಿ ಪರೀಕ್ಷೆ. ಒಂದೊಂದೇ ಕೊಳೆತು ಇಳಿಯಬೇಕು. ದೀಪಾವಳಿಯವರೆಗೆ ಗಟ್ಟಿಯಾಗಿ ನಿಂತದ್ದರ ಬೀಜ ಮಾತ್ರ ಮುಂದಿನ ಬಿತ್ತನೆಗೆ. ರವಿಕೆಗೆ ಅಳತೆ ಕೊಡಲು ಬಂದವರೆಲ್ಲ ತಲೆಯ ಮೇಲೆ ಹತ್ತು ಮೊಗೆಕಾಯಿ ಹೊತ್ತವರಂತೆ ಬಗ್ಗಿ ನಿಲ್ಲುತ್ತಿದ್ದರು. ಒಬ್ಬ ಮದುಮಗಳ ಕಾಲ ಬಳಿಯೇ ಒಮ್ಮೆ ಒಂದು ಕಾಯಿ ಪಚ್ಚೆಂದು ಬಿತ್ತು. ಅವಳ ತಾಯಿ ಹೌಹಾರಿ, "ಎಂತದ್ದು ಟೇಲರಣ್ಣ ಇದು! ತಲೆ ಮೇಲೆ ಬಿದ್ದಿದ್ರೆ?" ಎಂದರು.

ಟೇಲರ್ ಮಾವ ಬಟ್ಟೆಯ ಮೇಲೆ ಸೀಮೆಸುಣ್ಣದ ಗೆರೆ ಎಳೆಯುವುದನ್ನು ನಿಲ್ಲಿಸಲಿಲ್ಲ. "ಬಿದ್ದದ್ದು ಬೀಜಕ್ಕೆ ಅಲ್ಲ. ಹೆದ್ರಬೇಡಿ."

ಬೀಜ ಕೇಳಿದವರಿಗೆ ಇಲ್ಲ ಅನ್ನುತ್ತಿರಲಿಲ್ಲ. ರವಿಕೆಗೆ ತಂದ ಬಟ್ಟೆಯ ತುಂಡಿನಲ್ಲೇ ಒಂದು ಪುಟ್ಟ ಚೀಲ ಹೊಲಿದು, ಬೂದಿ ಸವರಿದ ಬೀಜ ತುಂಬಿ ಕೊಡುತ್ತಿದ್ದರು. ದುಡ್ಡು ಮುಟ್ಟುತ್ತಿರಲಿಲ್ಲ. "ಬರೋ ವರ್ಷ ಇದೇ ಚೀಲದಲ್ಲಿ ಒಂದು ಮುಷ್ಟಿ ವಾಪಸ್ ತರ್ಬೇಕು. ಅಷ್ಟೇ ಕರಾರು."

ಈ ಕಥೆಯಲ್ಲಿ ಎರಡು ತಪ್ಪುಗಳಿವೆ. ಎರಡೂ ನನ್ನವು.

ಮೊದಲನೆಯದು ವಿಡಿಯೋ. ಬಾಯಿಗೆ ಮೂರು ಊದುಬತ್ತಿ ಕಡ್ಡಿ ಸಿಕ್ಕಿಸಿಕೊಂಡು, ಒಂದು ಮೊಗೆಕಾಯಿಗೆ ಟೇಪು ಸುತ್ತಿ, "ಸೊಂಟ ಇಪ್ಪತ್ತೆರ್ಡು, ಸ್ವಲ್ಪ ಲೂಸ್ ಇಡ್ಲಾ ಅಕ್ಕಾ?" ಎಂದು ಟೇಲರ್ ಮಾವನನ್ನು ಅಣಕಿಸಿ ಹಾಕಿದೆ. ಅದು ಭಟ್ಕಳದಿಂದ ಕುಮಟೆಯವರೆಗೆ ಊರೂರು ಸುತ್ತಿತು. ನಕ್ಕವರು ಬೀಜ ಕೇಳಿಕೊಂಡು ಬಂದರು. ನಾನೇ ಫೋನಿನಲ್ಲಿ ದಾರಿ ಹೇಳಿದೆ. ಕುಮಟೆಯ ಸಂಘದವರು ಬಂದು ಶಾಲು ಹೊದಿಸಿ, 'ಬೀಜ ಸಂರಕ್ಷಕ' ಎಂಬ ಫಲಕ ಕೊಟ್ಟರು. ಟೇಲರ್ ಮಾವ ಬಂದವರಿಗೆಲ್ಲ ಚೀಲ ಹೊಲಿದು ಕೊಟ್ಟರು. ಡಬ್ಬಿಯಲ್ಲಿ ಉಳಿಸಿದ್ದ ಹಳೆಯ ಬೀಜವೂ ಹೋಯಿತು. ಆ ವರ್ಷದ ಬಿತ್ತನೆಗೆ ಬೇಕಾದಷ್ಟನ್ನೇ ಇಟ್ಟುಕೊಂಡರು. ನಾನು ಲೈಕುಗಳನ್ನು ನೋಡುತ್ತ ಕೂತಿದ್ದೆ.

ಎರಡನೆಯದು ಕರಬೂಜ. ಆ ವರ್ಷ ಗದ್ದೆ ಕೊಯ್ಲು ಮುಗಿದು, ಮೊಗೆ ಬಳ್ಳಿ ಹಬ್ಬುವ ಹೊತ್ತಿಗೆ ಅವರಿಗೆ ಕಣ್ಣಿನ ಆಪರೇಷನ್ ಆಯಿತು. ಅತ್ತೆಯ ಜೊತೆ ಕುಮಟೆಯ ಮಗಳ ಮನೆಯಲ್ಲಿ ಒಂದೂವರೆ ತಿಂಗಳು ಉಳಿದರು. ಹಿತ್ತಿಲು ನನ್ನ ಪಾಲಿಗೆ ಬಂತು. ಹೊರಡುವಾಗ ಕಪ್ಪು ಕನ್ನಡಕದಲ್ಲಿ ನನ್ನನ್ನು ಹುಡುಕಿ ಹೇಳಿದ್ದರು: "ನೀರು ಬಿಡು. ಸುತ್ತಮುತ್ತ ಬೇರೆ ಮೊಗೆ, ಸೌತೆ ಎಂತದ್ದೂ ಹಾಕೂಕೆ ಆಗದು. ಕೇಳ್ತಾ?"

ಕೇಳಿತು. ಮೊಗೆ ಹಾಕಲಿಲ್ಲ, ಸೌತೆ ಹಾಕಲಿಲ್ಲ. ಹೊನ್ನಾವರದ ಪೇಟೆಯಲ್ಲಿ ಕರಬೂಜದ ಬಣ್ಣಬಣ್ಣದ ಪ್ಯಾಕೆಟ್ ಕಂಡಿತು. ತಂದು ಬೇಲಿಯ ಈಚೆ, ನಮ್ಮ ಹಿತ್ತಿಲಲ್ಲಿ ಹಾಕಿದೆ. ಅದು ಹಣ್ಣು, ಇದು ತರಕಾರಿ. ಎರಡಕ್ಕೂ ಎಂತ ಸಂಬಂಧ ಎಂಬುದು ನನ್ನ ಪಾಂಡಿತ್ಯ. ಎರಡೂ ಬಳ್ಳಿ ಒಟ್ಟಿಗೆ ಹಳದಿ ಹೂ ಬಿಟ್ಟವು. ಜೇನುಗಳು ಬೇಲಿ ದಾಟಿ ಹೋಗಿ ಬಂದು ಮಾಡುತ್ತಿದ್ದವು. ನಾನು ಅದರ ವಿಡಿಯೋ ಕೂಡ ಮಾಡಿದೆ. ಮಾವ ವಾಪಸ್ ಬರುವಷ್ಟರಲ್ಲಿ ನನ್ನ ಕರಬೂಜದ ಬಳ್ಳಿಯನ್ನು ದನ ಮೇಯ್ದು ಮುಗಿಸಿತ್ತು.

ಆ ವರ್ಷದ ಕಾಯಿಗಳು ಎಂದಿನಂತೆಯೇ ಇದ್ದವು. ಕಣ್ಣು ಸರಿಯಾಗಿ ಬಂದ ಟೇಲರ್ ಮಾವ ಅಳೆದರು, ತೂಗಹಾಕಿದರು, ದೀಪಾವಳಿಗೆ ಬೀಜ ತೆಗೆದರು, ಬಿತ್ತಿದರು. ಕೆಟ್ಟದ್ದು ಬೀಜದೊಳಗಿತ್ತು. ಅದು ಹೊರಬಿದ್ದದ್ದು ಮರುವರ್ಷ ಮಾರ್ಚಿನಲ್ಲಿ, ಅತ್ತೆಯ ಪಾತ್ರೆಯಲ್ಲಿ.

ನಾನು ಎಂದಿನಂತೆ ಊಟಕ್ಕೆ ಹೋಗಿ ಕೂತಿದ್ದೆ. ಅತ್ತೆ ಮುಚ್ಚಳ ತೆಗೆದು ಸೌಟು ಆಡಿಸಿದರು. ಹೋಳೇ ಇಲ್ಲ. ಎಲ್ಲ ಕರಗಿ ಗಂಜಿಯಾಗಿತ್ತು.

"ಹೋಯ್, ಇಲ್ಲಿ ಬನ್ನಿ. ಇದೆಂತ ಆತು ನೋಡಿ" ಎಂದು ಕರೆದರು.

ಟೇಲರ್ ಮಾವ ಬಂದು ಅಂಗೈಗೆ ಹಾಕಿಸಿಕೊಂಡು ನೆಕ್ಕಿದರು. ಮತ್ತೊಮ್ಮೆ ನೆಕ್ಕಿದರು. "ಸಿಹಿ" ಎಂದರು. ಹಿತ್ತಿಲಿಗೆ ಹೋಗಿ ಇನ್ನೊಂದು ಕಾಯಿ ಕೊಯ್ದು ಮೂಸಿದರು, ಬೇಲಿಯ ಕಡೆ ನೋಡಿದರು. ಆಮೇಲೆ ಬಂದು ನನ್ನೆದುರು ನಿಂತು, ಬಾಯಿಂದ ಸೂಜಿಗಳನ್ನು ಒಂದೊಂದಾಗಿ ತೆಗೆದು ಅಂಗಿಯ ಜೇಬಿಗೆ ಚುಚ್ಚಿದರು.

"ಹೋದ ವರ್ಷ ನಾನು ಕುಮಟೆಲಿದ್ದಾಗ ಬೇಲಿ ಹತ್ರ ಎಂತ ಹಾಕಿದ್ದೆ?"

ಆ ಧ್ವನಿಯನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ಇಡೀ ಬಾಯಿಂದ ಬಂದ ಸ್ವಚ್ಛ ಧ್ವನಿ. ಅದನ್ನು ಅಣಕಿಸಲು ಇವತ್ತಿಗೂ ನನಗೆ ಬಂದಿಲ್ಲ.

"ಕರಬೂಜ."

"ಎಂತಕ್ಕೆ?"

"ಅದು ಹಣ್ಣಲ್ದಾ ಮಾವ. ನೀವು ಮೊಗೆ, ಸೌತೆ ಬ್ಯಾಡ ಅಂದಿದ್ರಿ…"

"ಜೇನಿಗೆ ಹೇಳಿದ್ಯಾ, ಇದು ಹಣ್ಣು, ಅದು ತರಕಾರಿ ಅಂತ?"

ಅತ್ತೆ ಒಲೆ ಆರಿಸಿದರು. ನಾನು ಸಣ್ಣಗೆ, "ಹಳೇ ಬೀಜ ಇಲ್ವಾ?" ಎಂದೆ.

"ಕೊಟ್ಟಾತು. ನೀನು ಕರ್ಕಂಡು ಬಂದ ಜನಕ್ಕೆ." ಅವರು ಬೆರಳು ಬಾಗಿಲ ಕಡೆ ಚಾಚಿದರು. "ಹೋಗು. ಕರಾರಿನ ಪ್ರಕಾರ ಒಬ್ಬನೂ ವಾಪಸ್ ತಂದಿಲ್ಲ. ಯಾರ ಹತ್ರ ಆದ್ರೂ ಹತ್ತು ಬೀಜ ಇರ್ತದೆ. ತಕಂಡು ಬಾ. ಅಲ್ಲಿವರೆಗೆ ಈ ಹೊಸ್ತಿಲು ತುಳೀಬೇಡ."

ಎಲ್ಲರ ನಂಬರುಗಳೂ ನನ್ನ ಫೋನಿನಲ್ಲಿದ್ದವು. ಮೂವತ್ತಕ್ಕೂ ಹೆಚ್ಚು ಜನಕ್ಕೆ ಫೋನು ಮಾಡಿದೆ. ಅನುಮಾನ ಬಂದಲ್ಲಿಗೆ ಬಸ್ಸು ಹತ್ತಿ ಹೋದೆ. ಹೊನ್ನಾವರದ ಒಬ್ಬ ಗುಮಾಸ್ತರು ತಾರಸಿಗೆ ಕರೆದೊಯ್ದು ಖಾಲಿ ಕುಂಡ ತೋರಿಸಿದರು. "ಒಂದೂ ಬಿಡ್ಲಿಲ್ಲ ಮಾರಾಯಾ, ಎಳೇದಿರುವಾಗ್ಲೇ ಕೊಯ್ದು ಪಲ್ಯ ಮಾಡಿದ್ವು. ಎಂಥಾ ರುಚಿ!"

"ಬೀಜಕ್ಕೆ ಒಂದು ಬಿಡ್ಬೇಕಿತ್ತಲ್ಲ ಸಾರ್?"

"ಬೇಕಾದ್ರೆ ಟೇಲರ್ ಹತ್ರ ಇರ್ತದಲ್ಲ, ಮತ್ತೆ ತಂದ್ರಾತು ಅಂದ್ಕಂಡೆ."

ಈ ಮಾತನ್ನು ಎಷ್ಟು ಬಾಯಿಗಳಲ್ಲಿ ಕೇಳಿದೆನೆಂದರೆ, ಎಲ್ಲರ ಧ್ವನಿಯಲ್ಲೂ ಅದನ್ನು ಹೇಳಿ ತೋರಿಸಬಲ್ಲೆ. ಟೇಲರ್ ಹತ್ರ ಇರ್ತದಲ್ಲ. ತಿನ್ನುವವರು ಎಲ್ಲರೂ, ಇಟ್ಟುಕೊಳ್ಳುವವನು ಒಬ್ಬನೇ. ಅವನಿಗೆ ಕಣ್ಣಿನ ಆಪರೇಷನ್ ಆಗಬಾರದು, ಪಕ್ಕದ ಮನೆಯಲ್ಲಿ ನನ್ನಂಥ ಮಂಗ ಇರಬಾರದು, ಅವನು ಸಾಯಲೂಬಾರದು.

ಇಡಗುಂಜಿಯಲ್ಲಿ ಹಣ್ಣುಕಾಯಿ ಅಂಗಡಿಯ ಅಕ್ಕ ಚೀಲವನ್ನು ಬಿಚ್ಚಿಯೇ ಇರಲಿಲ್ಲ. ದೇವರ ಮುಂದೆ ಇಟ್ಟು ದಿನಾ ಕುಂಕುಮ ಹಚ್ಚಿದ್ದರು. ದೀಪದ ಎಣ್ಣೆ ಇಳಿದು, ಮಳೆಗಾಲದ ತಂಡಿ ಹಿಡಿದು, ಒಳಗೆಲ್ಲ ಬೂಸಲು. "ದೇವ್ರ ಹತ್ರ ಇಟ್ರೆ ಹಾಳಾಗೂದಿಲ್ಲ ಅಂತ ಮಾಡಿದ್ದೆ ತಮ್ಮಾ" ಎಂದು ಅವರು ಅಳುಮೋರೆ ಮಾಡಿದಾಗ ನನಗೆ ಬೈಯಲೂ ಆಗಲಿಲ್ಲ.

ಬೈಗುಳವೆಲ್ಲ ಕುಮಟೆಗೆ ಉಳಿಯಿತು. ಸಂಘದ ಕಚೇರಿಯ ಗೋಡೆಯ ಮೇಲೆ, ಗಾಜಿನ ಚೌಕಟ್ಟಿನೊಳಗೆ, ಟೇಲರ್ ಮಾವನ ಫೋಟೋ ಇತ್ತು. ಅದರ ಕೆಳಗೆ ಹನ್ನೆರಡು ಮೊಗೆ ಬೀಜಗಳನ್ನು ಹೂವಿನ ಆಕಾರದಲ್ಲಿ ಅಂಟಿಸಿದ್ದರು. ಪಕ್ಕದಲ್ಲಿ ಬೀಜದ ಖಾಲಿ ಚೀಲ. ಅಧ್ಯಕ್ಷರು ಬಹಳ ಖುಷಿಯಿಂದ ಕೈ ಕುಲುಕಿದರು. "ನಿಮ್ಮ ವಿಡಿಯೋ ನೋಡಿದ್ದೇನೆ. ನಮ್ಮ ವಾರ್ಷಿಕೋತ್ಸವಕ್ಕೆ ಒಂದು ಮಿಮಿಕ್ರಿ ಇಟ್ಟುಕೊಳ್ಳುವಾ."

"ಉಳಿದ ಬೀಜ ಎಲ್ಲಿ ಸಾರ್?"

"ಕಾರ್ಯಕ್ರಮದ ದಿವಸ ಅತಿಥಿಗಳಿಗೆ ಕೊಟ್ವು."

"ಅವರು ಬಿತ್ತಿದ್ರಾ?"

"ಅದು ಅವರಿಗೆ ಬಿಟ್ಟದ್ದಪ್ಪ."

"ಹಾಗಾದ್ರೆ ಈ ಹನ್ನೆರಡು ಕೊಡಿ."

"ಛೆ, ಅದು ಪ್ರದರ್ಶನಕ್ಕೆ ಇಟ್ಟದ್ದು. ಮುಟ್ಟೂಕೆ ಆಗದು."

ನಾನು ಕುರ್ಚಿ ಹತ್ತಿ ಚೌಕಟ್ಟನ್ನು ಮೊಳೆಯಿಂದ ಇಳಿಸಿ, ಕಂಕುಳಲ್ಲಿಟ್ಟುಕೊಂಡು ಬಸ್‌ಸ್ಟ್ಯಾಂಡಿಗೆ ನಡೆದೆ. ಹಿಂದಿನಿಂದ ಅವರು ಕೂಗುತ್ತಿದ್ದದ್ದನ್ನು ಅಣಕಿಸಬೇಕೆಂದೂ ಅನ್ನಿಸಲಿಲ್ಲ.

ಹೊಸ್ತಿಲ ಹೊರಗೇ ನಿಂತು ಚೌಕಟ್ಟು ಕೊಟ್ಟೆ. ಟೇಲರ್ ಮಾವ ಗಾಜು ಬಿಚ್ಚಿ, ಒಂದು ಬೀಜವನ್ನು ಉಗುರಿನಿಂದ ಕೆರೆದು ಮೂಸಿದರು. "ವಾರ್ನಿಷ್ ಹೊಡ್ದಿದ್ದಾರೆ. ಹೊಳೀಲಿ ಅಂತ." ಆದರೂ ಹನ್ನೆರಡನ್ನೂ ಬಿಸಿನೀರಲ್ಲಿ ನೆನೆಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟರು. ಹತ್ತು ದಿನ, ದಿನಕ್ಕೆರಡು ಸಲ ಬಿಚ್ಚಿ ನೋಡಿದರು. ಒಂದೂ ಬಾಯಿ ಬಿಡಲಿಲ್ಲ.

ಹನ್ನೊಂದನೆಯ ದಿನ ಬೇಲಿಯ ಆಚೆಯಿಂದ ಕರೆದರು. ಕ್ಷಮಿಸಿದೆ ಎಂದು ಹೇಳಲಿಲ್ಲ, ಕೊನೆಯವರೆಗೂ ಹೇಳಲಿಲ್ಲ. "ಹಾಳಾದ್ದರಲ್ಲೇ ಹುಡ್ಕಬೇಕು. ಬಾ, ಕಚ್ಚು" ಎಂದರು. ಪ್ರತಿ ಬಳ್ಳಿಯಿಂದಲೂ ಒಂದೊಂದು ಕಾಯಿ ಕೊಯ್ದು, ಚೂರು ಹಸಿಯಾಗಿ ಕಚ್ಚಿ, ಸಿಹಿಯಿದ್ದದ್ದನ್ನು ದನಕ್ಕೆ ಎಸೆದೆವು. ಉಳಿದ ಚೂರನ್ನು ಅತ್ತೆ ಕುದಿಸಿ ನೋಡಿದರು. ಕೊನೆಗೆ ಎರಡು ಬಳ್ಳಿ ಪಾಸಾದವು. ಅವುಗಳಲ್ಲಿ ಕೊಯ್ಯದೆ ಉಳಿದಿದ್ದ ನಾಲ್ಕು ಕಾಯಿ ತೊಲೆಗೇರಿದವು. ಮುಂದಿನ ಬೆಳೆಯಲ್ಲಿ ಒಂದು ಬಳ್ಳಿಯ ಹೂವಿಗೆ ಇನ್ನೊಂದರ ಪರಾಗ ತಾಗದಂತೆ ಮೊಗ್ಗಿಗೇ ಚೀಲ ಕಟ್ಟಿ, ಬೆಳಿಗ್ಗೆ ಅದೇ ಬಳ್ಳಿಯ ಪರಾಗವನ್ನು ಕೈಯಾರೆ ಮುಟ್ಟಿಸಬೇಕೆಂಬುದನ್ನು ನಾನು ಫೋನಿನಲ್ಲಿ ಓದಿ ಹೇಳಿದೆ. ಅವರು ಮಷಿನ್ ಮುಂದೆ ಕೂತು, ತೆಳು ವಾಯಿಲ್ ಬಟ್ಟೆಯಲ್ಲಿ ಹೆಬ್ಬೆರಳಿನಷ್ಟು ಚೀಲಗಳನ್ನು ಹೊಲಿಯತೊಡಗಿದರು. ಪ್ರತಿಯೊಂದಕ್ಕೂ ಎಳೆದು ಬಿಗಿಯುವ ದಾರ. ನಲವತ್ತು ವರ್ಷ ಮನುಷ್ಯರಿಗೆ ಹೊಲಿದ ಕೈ ಹೂವಿಗೆ ರವಿಕೆ ಹೊಲಿಯಿತು ಎಂದು ಛೇಡಿಸಿದೆ.

"ಇವು ಅಳತೆ ಕೊಟ್ಟು ಆಮೇಲೆ ದಪ್ಪ ಆಗೂದಿಲ್ಲ" ಎಂದರು.

ಇಪ್ಪತ್ತಾರನೆಯ ಚೀಲ ಹೊಲಿಯುವಾಗ, ಜೋರು ಮಳೆಯ ಒಂದು ಮಧ್ಯಾಹ್ನ, ಮಷಿನ್ನಿನ ಮೇಲೆಯೇ ತಲೆಯಿಟ್ಟರು. ಅತ್ತೆ ಊಟಕ್ಕೆ ಕರೆದು, ಉತ್ತರ ಬರದೆ ಬಂದು ನೋಡುವಷ್ಟರಲ್ಲಿ ಎಲ್ಲ ಮುಗಿದಿತ್ತು.

ನಾಲ್ಕು ಕಾಯಿಗಳಲ್ಲಿ ಎರಡು ದೀಪಾವಳಿ ಕಂಡವು. ಬಿತ್ತಿದೆ. ಹೂ ಬಿಟ್ಟ ದಿನಗಳಲ್ಲಿ ಬೆಳಿಗ್ಗೆ ಅಂಗಡಿಗೆ ತಡವಾಗಿ ಹೋಗಿ ಮಾಲೀಕರಿಂದ ಬೈಸಿಕೊಂಡೆ. ದಾರ ಎಳೆದೆಳೆದು ಅರ್ಧದಷ್ಟು ಚೀಲಗಳು ಹರಿದವು. ಕಳೆದ ವಾರ ಮೊದಲ ಕಾಯಿ ಕೊಯ್ದು ಅತ್ತೆಗೆ ಕೊಟ್ಟೆ. ಅವರು ಎಂದಿನಂತೆ ಒಣ ಸಿಗಡಿ ಹಾಕಿ ಕುದಿಸಿದರು. ಒಂದು ಹೋಳು ಬಾಯಿಗಿಟ್ಟುಕೊಂಡು ಬಹಳ ಹೊತ್ತು ಅಗಿದರು.

"ಇದಲ್ಲ" ಎಂದರು.

ನಾನು ತಲೆ ತಗ್ಗಿಸಿದೆ.

"ಇದಲ್ಲ. ಆದ್ರೆ ಹೋಳು ಕರಗ್ಲಿಲ್ಲ ಕಾಣು. ಇನ್ನೂ ಎರಡು ಮೂರು ವರ್ಷ ಹಿಡೀತದೆ." ತಟ್ಟೆ ಬದಿಗಿಟ್ಟು ಎದ್ದರು. "ಚೀಲ ಎಲ್ಲಾ ಹರ್ದು ಹಾಕಿದ್ಯಲ್ಲ, ಬರೋ ವರ್ಷಕ್ಕೆ ಯಾರು ಹೊಲಿತಾರೆ? ಮಷಿನ್ ಮುಂದೆ ಕೂತ್ಕ. ನಾ ತೋರಿಸ್ತೆ."

ಕೂತೆ. ನನ್ನ ಮೊದಲ ಹೊಲಿಗೆ ಸೊಟ್ಟಗೆ ಓಡಿತು. ಅತ್ತೆ ಅದನ್ನು ಪೂರ್ತಿ ಬಿಚ್ಚಿ, ಬಟ್ಟೆಯನ್ನು ಮತ್ತೆ ನನ್ನ ಕೈಗೇ ಕೊಟ್ಟರು.