ಇತರೆಯೊಳಗಿನ ಬೀಗರು

ಆರಿಸಿಕೊಳ್ಳುವ ವಿಷಯದಲ್ಲಿ ನಾನು ಮೊದಲಿನಿಂದಲೂ ದಡ್ಡ. ಇದಕ್ಕೆ ಕಾರಣ ನಮ್ಮ ಕಡೆಯ ಖಾನಾವಳಿಗಳು ಎಂದು ನನ್ನ ಗಟ್ಟಿ ನಂಬಿಕೆ. ಹಾವೇರಿಯಲ್ಲಿ ಓದುವಾಗ ನಾನು ಉಣ್ಣುತ್ತಿದ್ದ ಖಾನಾವಳಿಯಲ್ಲಿ ‘ಏನು ಬೇಕು’ ಎಂದು ಯಾರೂ ಯಾರನ್ನೂ ಕೇಳಿದ್ದಿಲ್ಲ. ಕೂತರೆ ತಟ್ಟೆ ಬರುತ್ತಿತ್ತು, ತಟ್ಟೆಯ ಹಿಂದೆಯೇ ರೊಟ್ಟಿ, ಎಣಗಾಯಿ, ಕಾಳುಪಲ್ಯ, ಶೇಂಗಾ ಚಟ್ನಿ. ‘ಸಾಕ್ರಿ’ ಎಂದು ಕೈ ಅಡ್ಡ ಹಿಡಿದರೆ ಕೈಯ ಮೇಲೆಯೇ ಇನ್ನೊಂದು ರೊಟ್ಟಿ ಬೀಳುತ್ತಿತ್ತು. ಹೀಗೆ ಬೆಳೆದವನು ಒಂದು ದಿನ ಕಂಪ್ಯೂಟರಿನ ಮುಂದೆ ಕುಳಿತು, ಜನ ತಮಗೆ ಬೇಕಾದದ್ದನ್ನು ಆರಿಸಿಕೊಳ್ಳಲಿ ಎಂದು ಡಿವಿಡಿಗೆ ಮೆನು ಮಾಡಲು ಹೊರಟರೆ ಏನಾಗಬೇಕೋ ಅದೇ ಆಯಿತು. ನನ್ನ ತಂಗಿಯ ಮೊದಲ ಪಂಚಮಿ ತಪ್ಪಿಹೋಗುವುದರಲ್ಲಿತ್ತು.

ನಾನು ಬ್ಯಾಡಗಿಯ ಹೈಸ್ಕೂಲೊಂದರಲ್ಲಿ ಡ್ರಾಯಿಂಗ್ ಮಾಸ್ತರ. ಕ್ಯಾಸೆಟ್ಟಿನ ಕಾಲ ಮುಗಿದು ಮನೆಮನೆಗೂ ಡಿವಿಡಿ ಪ್ಲೇಯರ್ ಬರುತ್ತಿದ್ದ ದಿನಗಳವು. ನನ್ನ ಹತ್ತಿರ ಡಿವಿಡಿ ಬರೆಯುವ ಕಂಪ್ಯೂಟರ್ ಬೇರೆ ಇತ್ತು. ಅದರಿಂದ ಬಂದ ಕೊಬ್ಬೂ ಇತ್ತು. ಆ ಬೇಸಿಗೆಯಲ್ಲಿ ನನ್ನ ತಂಗಿ ಗಿರಿಜಾಳನ್ನು ರಾಣೆಬೆನ್ನೂರಿನ ಬಟ್ಟೆ ಅಂಗಡಿಯವರ ಮನೆಗೆ ಕೊಟ್ಟೆವು. ಮದುವೆಯ ವಿಡಿಯೋ ತೆಗೆದವನು, “ಎಡಿಟಿಂಗ್ ನಾವ ಮಾಡಿ ಕೊಡ್ತೇವ್ರಿ ಸರ್” ಎಂದ. ಅವನ ಎಡಿಟಿಂಗ್ ನಾನು ನೋಡಿದ್ದೆ. ಮದುಮಗಳು ತಾವರೆಯೊಳಗಿಂದ ಏಳುತ್ತಾಳೆ, ಮದುಮಗನ ಮುಖ ಚಂದ್ರನಲ್ಲಿ ಮೂಡುತ್ತದೆ, ಇಬ್ಬರೂ ಕೂಡಿ ಒಂದು ಹೃದಯದೊಳಗೆ ಗಿರಗಿರ ತಿರುಗುತ್ತಾರೆ. ಕಲಾವಿದನ ಕರುಳು ತಡೆಯಬೇಕಲ್ಲ! “ಬ್ಯಾಡಪಾ, ಕ್ಯಾಸೆಟ್ ಕೊಟ್ಬಿಡು, ಉಳಿದದ್ದು ನಾ ನೋಡ್ಕೋತೇನಿ” ಎಂದೆ.

ಡಿವಿಡಿಯ ವೈಭವವಿರುವುದೇ ಮೆನುವಿನಲ್ಲಿ. ಕ್ಯಾಸೆಟ್ ಹಾಕಿದರೆ ಅದು ತೋರಿಸಿದ್ದನ್ನು ತೋರಿಸಿದ ಕ್ರಮದಲ್ಲಿ ನೋಡಬೇಕು. ಮದುಮಕ್ಕಳ ತಲೆಯ ಮೇಲೆ ಅಕ್ಕಿಕಾಳು ಬೀಳುವ ಹೊತ್ತಿಗೆ ನೋಡುವವರಿಗೆ ನಿದ್ದೆ ಬಂದಿರುತ್ತದೆ. ಡಿವಿಡಿ ಹಾಗಲ್ಲ. ಹಾಕಿದ ಕೂಡಲೇ ಒಂದು ಪುಟ ತೆರೆಯುತ್ತದೆ. ಅದರಲ್ಲಿ ಸಣ್ಣ ಸಣ್ಣ ಚಿತ್ರಗಳು, ಕೆಳಗೆ ಒಂದೊಂದು ಹೆಸರು. ರಿಮೋಟಿನ ಬಾಣ ಒತ್ತಿದರೆ ಒಂದು ಚೌಕಟ್ಟು ಚಿತ್ರದಿಂದ ಚಿತ್ರಕ್ಕೆ ಹಾರುತ್ತದೆ. ಬೇಕಾದ ಕಡೆ ನಿಲ್ಲಿಸಿ ಒತ್ತಿದರೆ ಆ ಭಾಗ ಶುರು. ಕಂಪ್ಯೂಟರಿನಲ್ಲಿ ಸಿದ್ಧ ಮೆನುಗಳೂ ಇದ್ದವು: ಒಂದರಲ್ಲಿ ಹಿಮ ಸುರಿಯುತ್ತಿತ್ತು, ಇನ್ನೊಂದರಲ್ಲಿ ಬಲೂನು ಹಾರುತ್ತಿದ್ದವು. ಬ್ಯಾಡಗಿಯ ಹುಡುಗಿಯ ಮದುವೆಗೆ ಹಿಮ ಯಾಕೆ? ಅದಲ್ಲದೆ ಕನ್ನಡದಲ್ಲಿ ಏನು ಟೈಪು ಮಾಡಿದರೂ ಸಾಲಾಗಿ ಖಾಲಿ ಡಬ್ಬಿಗಳೇ ಮೂಡುತ್ತಿದ್ದವು. ನಾನೂ ಬಿಡಲಿಲ್ಲ. ಡ್ರಾಯಿಂಗ್ ಹಾಳೆಯ ಮೇಲೆ ಕುಂಚದಿಂದ ದುಂಡಗೆ ಅಕ್ಷರ ಬರೆದು, ಫೋಟೋ ತೆಗೆದು, ಚಿತ್ರವೆಂದೇ ಅಂಟಿಸಿದೆ.

ಹಿನ್ನೆಲೆಗೆ ನಮ್ಮ ಮಾರ್ಕೆಟ್ಟಿನಲ್ಲಿ ಹರವಿದ ಮೆಣಸಿನಕಾಯಿಯ ಫೋಟೋ ಹಾಕಿದೆ. ಕಣ್ಣು ಕುಕ್ಕುವ ಕೆಂಪು! ಅವ್ವನನ್ನು ಕರೆದು ರಿಮೋಟು ಕೈಗಿಟ್ಟೆ. ಅವ್ವ ಬಾಣ ಒತ್ತೇ ಒತ್ತಿದಳು. “ಚೌಕಟ್ಟ ಹಾರತೈತಿ ಅಂದೆಲ್ಲೋ, ಎಲ್ಲೈತೋ ಅದು?” ಎಂದಳು. ಬಗ್ಗಿ ನೋಡಿದೆ. ಮೆಣಸಿನಕಾಯಿಯೂ ಕೆಂಪು, ಚೌಕಟ್ಟೂ ಕೆಂಪು. ಹುಡುಗರಿಗೆ ವಿರುದ್ಧ ಬಣ್ಣಗಳ ಪಾಠ ಹೇಳಿ ಸಂಬಳ ತಗೊಳ್ಳುವ ಮಾಸ್ತರನ ಅವಸ್ಥೆ ಇದು. ತೆಪ್ಪಗೆ ಚೌಕಟ್ಟಿಗೆ ಅರಿಷಿಣದ ಬಣ್ಣ ಬಳಿದೆ.

ಆ ಪುಟದಲ್ಲಿ ಹಿಡಿಸುತ್ತಿದ್ದದ್ದು ಆರೇ ಬಟನ್. ಅರಿಷಿಣ, ಸುರಗಿ ನೀರು, ದೇವರ ಕಾರ್ಯ, ಅಕ್ಕಿಕಾಳು, ಊಟ ಎಂದು ಐದು ಬರೆದೆ. ಇನ್ನೂ ಏನೇನೋ ತುಣುಕು ಉಳಿದಿದ್ದವು: ಬೀಗರು ಟೆಂಪೋ ಇಳಿದು ಸೀರೆ ಕೊಡವಿಕೊಂಡದ್ದು, ಅಡುಗೆ ಭಟ್ಟ ಸೌಟು ಝಳಪಿಸಿ ಯಾರಿಗೋ ಬೈದದ್ದು, ಹೆಂಗಸರು ಸುತ್ತ ಕೂತು ಒಡಪು ಕಟ್ಟಿ ಗಂಡಂದಿರ ಹೆಸರು ಹೇಳಿದ್ದು. ಇವನ್ನೆಲ್ಲ ಎಲ್ಲಿಡುವುದು? ನನ್ನ ಕೈ ತಾನೇ ತಾನಾಗಿ ಆರನೆಯ ಬಟನ್ನಿನ ಕೆಳಗೆ ‘ಇತರೆ’ ಎಂದು ಬರೆಯಿತು. ಸಾಲಿಯ ಮಾಸ್ತರಿಕೆ ಮಾಡಿದವರಿಗೆ ಇದು ಗೊತ್ತು. ನಮ್ಮ ಪ್ರತಿ ಮೀಟಿಂಗಿನ ಕೊನೆಯ ವಿಷಯ ‘ಅಧ್ಯಕ್ಷರ ಅಪ್ಪಣೆ ಮೇರೆಗೆ ಇತರೆ’. ಆ ಶಬ್ದ ಕಿವಿಗೆ ಬಿದ್ದ ಕೂಡಲೇ ಎಲ್ಲರೂ ಚೀಲ ಎತ್ತಿಕೊಂಡು ಏಳುತ್ತೇವೆ. ಹಾಗಾಗಿ ಆ ಶಬ್ದಕ್ಕೆ ಹಲ್ಲಿದೆ ಎಂದು ನನಗೆ ಅನಿಸಿದ್ದೇ ಇಲ್ಲ.

ಡಿವಿಡಿ ರಾಣೆಬೆನ್ನೂರಿಗೆ ಹೋಯಿತು. ನಾಲ್ಕು ದಿನ ಬಿಟ್ಟು ಗಿರಿಜಾ ಫೋನ್ ಮಾಡಿದಳು.

“ಅಣ್ಣಾ, ನಿನ್ನ ಡಿವಿಡಿ ಹಚ್ಚಿದ್ವಿ. ಓಣ್ಯಾನ ಮಂದಿ ಎಲ್ಲಾ ಬಂದಿದ್ರು.”

“ಹೆಂಗೈತಿ? ಅಕ್ಷರ ಚಂದ ಬಂದಾವಿಲ್ಲೋ?”

“ಅಕ್ಷರ ಭಾಳ ಚಂದ ಅದಾವ. ಅದಕ್ಕ ಅತ್ತಿಯಾರಿಗೆ ಓದಾಕ ಬಂತು. ‘ನಿಮ್ಮಣ್ಣ ನಮ್ಮನ್ನೆಲ್ಲಾ ಇತರೆದಾಗ ಹಾಕ್ಯಾನಲ್ಲ’ ಅಂದ್ರು. ಎದ್ದು ಒಳಗ ಹೋದ್ರು.”

ಬೀಗರೆಂದರೆ ಏನೆಂದುಕೊಂಡಿರಿ? ಲಗ್ನಪತ್ರಿಕೆಯಲ್ಲಿ ಯಾರ ಹೆಸರು ಮೇಲೆ, ಯಾರದು ಕೆಳಗೆ ಎಂದು ತೂಗಿ ನೋಡುವಷ್ಟು ಜತನ ನಾವು ಬಂಗಾರ ತೂಗುವಾಗಲೂ ಮಾಡುವುದಿಲ್ಲ. ಪುರಾಣ ಕಾಲದಿಂದಲೂ ಇದೇ ಗೋಳು. ಯಾವುದೋ ಯಾಗದಲ್ಲಿ ಮೊದಲ ಮರ್ಯಾದೆ ಯಾರಿಗೆ ಎಂಬ ಮಾತಿಗೆ ತುಂಬಿದ ಸಭೆಯಲ್ಲೇ ಒಬ್ಬನ ತಲೆ ಹಾರಿದ್ದನ್ನು ಕೇಳಿದ್ದೇವೆ. ಅಲ್ಲಿ ಹಾಗಾದರೆ, ಓಣಿಯವರ ಎದುರು ಅಡುಗೆ ಭಟ್ಟನ ಜೊತೆ ‘ಇತರೆ’ಯಲ್ಲಿ ಬಿದ್ದ ಬೀಗತಿ ಗೌರಮ್ಮನವರಿಗೆ ಏನಾಗಿರಬೇಡ!

ಅವ್ವನಂತೂ ಹಣೆ ಹಣೆ ಬಡಿದುಕೊಂಡಳು. “ಮಗಳನ್ನ ಕೊಟ್ಟ ಮನಿಯವರನ್ನ ಯಾರರ ಇತರೆ ಅಂತಾರೇನೋ ಮೂಳಾ? ಈಗ ಪಂಚಮಿಗೆ ಹುಡುಗಿನ್ನ ಕಳಸ್ಲಿಲ್ಲ ಅಂದ್ರ ನಿನ್ನ ಕಂಪ್ಯೂಟರ ಒಯ್ದು ತಿಪ್ಪಿಗೆ ಒಗೀತೇನಿ, ನೋಡು!”

ಅವ್ವನ ಸಂಕಟ ಸುಮ್ಮನೆ ಅಲ್ಲ. ನಮ್ಮ ಕಡೆ ಹೆಣ್ಣುಮಕ್ಕಳಿಗೆ ನಾಗರ ಪಂಚಮಿಗಿಂತ ದೊಡ್ಡ ಹಬ್ಬವಿಲ್ಲ. ಅಣ್ಣ ಬಂದು ಕರೆಯಬೇಕು, ತವರಿಗೆ ಬರಬೇಕು, ಜೋಕಾಲಿ ಜೀಕಬೇಕು. ಅದರಲ್ಲೂ ಮದುವೆಯಾದ ಮೇಲಿನ ಮೊದಲ ಪಂಚಮಿ ತಪ್ಪಿದರೆ ಆ ಕೊರಗು ಮುದುಕಿಯಾದರೂ ಹೋಗುವುದಿಲ್ಲ. ಅಪ್ಪ ಇಲ್ಲದ ಮನೆ ನಮ್ಮದು. ಗಿರಿಜಾಳನ್ನು ಎತ್ತಿ ಆಡಿಸಿದವನು ನಾನು. ಅವಳು ಬರದಿದ್ದರೆ ಹಬ್ಬದ ಉಂಡಿ ನನ್ನ ಗಂಟಲಲ್ಲಿ ಇಳಿಯುವಂತಿರಲಿಲ್ಲ.

ಮೆನು ತಿದ್ದಲು ಕುಳಿತೆ. ಬರೆದ ಡಿವಿಡಿಯನ್ನು ಒರೆಸಿ ತಿದ್ದುವಂತಿಲ್ಲ, ಹೊಸದೇ ಮಾಡಬೇಕು. ಮೊದಲು ‘ಇತರೆ’ಯನ್ನು ಬೇರುಸಹಿತ ಕಿತ್ತೆಸೆದೆ. ಬಟನ್ನೂ ಹೋಯಿತು, ಅದರ ಒಳಗಿದ್ದದ್ದೂ ಹೋಯಿತು. ಹೆಚ್ಚು ಕಡಿಮೆಯೇ ಬೇಡವೆಂದು ಬಟನ್‌ಗಳನ್ನು ಪಂಕ್ತಿ ಬಿಟ್ಟು ದುಂಡಗೆ ಬಳೆಯ ಹಾಗೆ ಕೂರಿಸಿದೆ. ಬಳೆಗೆ ಮೊದಲೆಲ್ಲಿ, ಕೊನೆಯೆಲ್ಲಿ? ಬಲೇ ಮಾಸ್ತರ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಆದರೆ ಡಿವಿಡಿ ನನಗಿಂತ ಶಾಣ್ಯಾ. ಶುರುವಾಗುವಾಗ ಆ ಹಳದಿ ಚೌಕಟ್ಟು ಎಲ್ಲೋ ಒಂದು ಕಡೆ ಕೂರಲೇಬೇಕು. ಎಲ್ಲಿ ಕೂತಿತೋ ಅದೇ ಮೊದಲು. ಸರಿ, ‘ನಮ್ಮ ಬೀಗರು’ ಎಂದು ಹೊಸ ಬಟನ್ ಮಾಡಿ, ವೇದಿಕೆಯ ಮೇಲೆ ಗೌರಮ್ಮನವರು ಕೊರಳ ತುಂಬ ಬಂಗಾರ ಹಾಕಿಕೊಂಡು ಸೆಟೆದು ನಿಂತ ಚಿತ್ರ ಇಟ್ಟು, ಚೌಕಟ್ಟನ್ನು ಅವರ ಮೇಲೆಯೇ ಕೂರಿಸಿದೆ.

ಹಳೆಯದು ಆ ಮನೆಯಲ್ಲಿ ಇರುವುದೇ ಬೇಡವೆಂದು, ವ್ಯಾಪಾರಕ್ಕೆ ಬ್ಯಾಡಗಿಗೆ ಬರುತ್ತಿದ್ದ ಗಿರಿಜಾಳ ಗಂಡನ ಕೈಯಲ್ಲಿ ಅದನ್ನು ವಾಪಸು ತರಿಸಿಕೊಂಡೆ. ಕಂಡರೆ ಹೊಟ್ಟೆ ಉರಿಯುತ್ತದೆಂದು ಅವ್ವ ಅದಕ್ಕೆ ದಾರ ಪೋಣಿಸಿ, ಗಿಳಿ ಹೆದರಿಸಲು ಹಿತ್ತಲಿನ ಪೇರಲ ಗಿಡಕ್ಕೆ ಕಟ್ಟಿದಳು. ಪಂಚಮಿ ಹತ್ತಿರ ಬಂದಾಗ ನಾನು ಹೊಸ ಡಿವಿಡಿಯನ್ನೂ ಉಂಡಿಯ ಡಬ್ಬಿಯನ್ನೂ ಹಿಡಿದು, ಮೋಟೆಬೆನ್ನೂರು ದಾಟುವವರೆಗೂ ದೇವರನ್ನು ನೆನೆಯುತ್ತ ರಾಣೆಬೆನ್ನೂರಿನ ಬಸ್ಸಿನಲ್ಲಿ ಕುಳಿತೆ.

“ಬರ್ರಿ ಮಾಸ್ತರ, ಕುಂದ್ರಿ” ಎಂದರು ಗೌರಮ್ಮ. ಚಹಾ ಬಂತು. ಕರೆಯಲು ಬಂದಿದ್ದೇನೆಂದರೂ ‘ಕಳಿಸ್ತೇವಿ’ ಎಂಬ ಮಾತು ಬರಲಿಲ್ಲ. ಬಾಗಿಲ ಮರೆಯಲ್ಲಿ ಗಿರಿಜಾ ಚೀಲ ಕಟ್ಟಬೇಕೋ ಬಿಡಬೇಕೋ ತಿಳಿಯದೆ ನಿಂತಿದ್ದಳು. “ಹೊಸಾದು ತಂದೇನ್ರಿ” ಎಂದು ಡಿವಿಡಿ ಕೊಟ್ಟೆ. ಹಚ್ಚಿದರು. ಬಳೆಯ ಆಕಾರದ ಮೆನು ತೆರೆಯಿತು, ಹಳದಿ ಚೌಕಟ್ಟು ಗೌರಮ್ಮನವರ ಮುಖದ ಸುತ್ತ ಬೆಳಗಿತು.

ಅವರು ರಿಮೋಟು ಹಿಡಿದು ಇಡೀ ಬಳೆ ಸುತ್ತಿದರು. ಮತ್ತೊಮ್ಮೆ ಸುತ್ತಿದರು. ಆಮೇಲೆ ಕೇಳಿದರು: “ಇದರಾಗ ಇತರೆ ಎಲ್ಲೈತ್ರಿ?”

“ತಗದೇನ್ರಿ. ತಪ್ಪಾಗಿತ್ತು, ಮನಸ್ಸಿಗೆ ಹಚ್ಕೋಬ್ಯಾಡ್ರಿ...”

“ತಗದ್ರಿ? ಅಯ್ಯ ನನ್ನ ಶಿವನ! ಮೊದಲ ದಿನ ಸಿಟ್ಟು ಬಂದಿತ್ತು, ಖರೇ. ಮರುದಿನ ಅದರಾಗ ಏನೈತಿ ನೋಡೂಣು ಅಂತ ಒತ್ತಿದೆ. ನಾ ಒಡಪು ಹೇಳಿದ್ದು ಅದರಾಗ ಐತ್ರಿ. ನಾ ಹೆಸರು ಹೇಳಿದಾಗ ಅವ್ರು ನಕ್ಕಿದ್ದು ಅದರಾಗ ಐತಿ! ಈ ಮನಿಗೆ ಬಂದಾಗಿಂದ ಅವ್ರು ಹಂಗ ನಕ್ಕಿದ್ದು ನಾ ಕಂಡಿಲ್ಲ. ದಿನಾ ಅಡಗಿ ಮುಗಿಸಿ, ಯಾರಿಗೂ ಗೊತ್ತಾಗ್ದಂಗ ಅದೊಂದು ನೋಡತಿದ್ನಿ. ಆ ಹಳೇದು ಎಲ್ಲೈತಿ?”

“ಪೇರಲ ಗಿಡದಾಗ...” ಎಂದೆ.

“ಆಂ?”

“ಗಿಳಿ ಬರ್ತಾವ ಅಂತ ಅವ್ವ ಕಟ್ಯಾಳ್ರಿ.”

“ನನ್ನ ಗಂಡನ ನಗೀನ ಗಿಳಿ ಓಡ್ಸಾಕ ಕಟ್ಟೀರೇನ್ರಿ?” ಎಂದವರೇ ಗೌರಮ್ಮ ಸೆರಗು ಬಾಯಿಗಿಟ್ಟುಕೊಂಡು ಕಣ್ಣಲ್ಲಿ ನೀರು ಬರುವಂತೆ ನಕ್ಕರು. ಬಾಗಿಲ ಮರೆಯಲ್ಲಿ ಗಿರಿಜಾಳೂ ನಕ್ಕಳು. “ಲಗೂನ ಚೀಲಾ ಕಟ್ಕೋವಾ, ಬಸ್ ತಪ್ಪೀತು” ಎಂದು ಸೊಸೆಗೆ ಹೇಳಿ, ನನ್ನ ಕಡೆ ತಿರುಗಿದರು. “ಕರಕೊಂಡ ಹೋಗ್ರಿ. ಆದ್ರ ತಿರುಗಿ ಬರೂಮುಂದ ಇತರೆ ಇಲ್ದ ಬಂದ್ರ ಮಾತ್ರ ಬಾಗಲಾ ತಗಿಯೂದಿಲ್ಲ!”

ಪಂಚಮಿ ಜೋರಾಗಿಯೇ ಆಯಿತು. ಗಿರಿಜಾ ಜೋಕಾಲಿ ಜೀಕಿದಳು, ಅವ್ವ ನನ್ನ ಕಂಪ್ಯೂಟರಿಗೂ ಒಂದು ಹೂವಿಟ್ಟಳು. ಪೇರಲ ಗಿಡದ ಡಿವಿಡಿ ಶ್ರಾವಣದ ಜಿಟಿಜಿಟಿ ಮಳೆಗೆ ಕೆಟ್ಟಿತ್ತು. ಪುಣ್ಯಕ್ಕೆ ಮೂಲ ಕ್ಯಾಸೆಟ್ ಉಳಿದಿತ್ತು. ಹಬ್ಬವಿಡೀ ಕುಳಿತು ಮೂರನೆಯ ಸಲ ಮಾಡಿದೆ. ಅದೇ ಮೆಣಸಿನಕಾಯಿ, ಅದೇ ಹಳದಿ ಚೌಕಟ್ಟು, ಆದರೆ ಮೊಟ್ಟಮೊದಲ ಬಟನ್ ‘ಇತರೆ’.

ತಂಗಿಯನ್ನು ಬಿಟ್ಟುಬರಲು ಹೋದ ಮಧ್ಯಾಹ್ನ ಬೀಗರಾದ ಈರಪ್ಪನವರೂ ಊಟಕ್ಕೆಂದು ಅಂಗಡಿಯಿಂದ ಬಂದಿದ್ದರು. ಗಲ್ಲಾಪೆಟ್ಟಿಗೆಯ ಮುಂದೆ ಕೂತರೆ ಗಿರಾಕಿ ದರ ಕೇಳಲು ಹೆದರುವಂಥ ಮುಖ. ಗೌರಮ್ಮ ಒತ್ತಿದರು. ಪರದೆಯ ಮೇಲೆ ಹೆಂಗಸರು ಸುತ್ತ ಕೂತಿದ್ದಾರೆ, ನಡುವೆ ಗೌರಮ್ಮ:

“ಬ್ಯಾಡಗಿ ಮೆಣಸಿನಕಾಯಿ, ಬಣ್ಣ ಭಾಳ, ಖಾರ ಕಡಿಮಿ;
ನಮ್ಮ ಈರಪ್ಪನೋರ ಸಿಟ್ಟೂ ಹಂಗ, ಮುಖದಾಗ ಭಾಳ, ಹೊಟ್ಟ್ಯಾಗ ಕಡಿಮಿ!”

ಹೋ ಎಂದು ನಗು. ಹಿಂದೆ ಕಂಬಕ್ಕೊರಗಿ ನಿಂತ ಈರಪ್ಪನವರು ಶಲ್ಯದಿಂದ ಮುಖ ಮುಚ್ಚಿಕೊಂಡು ಭುಜ ಕುಲುಕಿಸುತ್ತಿದ್ದಾರೆ. ಇತ್ತ ಕುರ್ಚಿಯಲ್ಲಿ ಕೂತ ಈರಪ್ಪನವರೂ ಮೆಲ್ಲಗೆ ಹೆಗಲ ಟವೆಲ್ ತೆಗೆದು ಮುಖಕ್ಕೆ ಹಿಡಿದರು. ಗೌರಮ್ಮ ಟಿವಿಯನ್ನು ನೋಡುತ್ತಲೇ ಇರಲಿಲ್ಲ. ಟವೆಲಿನ ಒಳಗಿಂದ ದನಿ ಬಂತು: “ಇನ್ನೊಮ್ಮೆ ಹಚ್ಚ.”

ನಾನು ಕುಂಚ ಹಿಡಿದು ಅಷ್ಟು ಚಂದ ಬರೆದ ಉಳಿದ ಐದು ಬಟನ್‌ಗಳನ್ನು ಆ ಮನೆಯಲ್ಲಿ ಈವರೆಗೂ ಯಾರೂ ಒತ್ತಿಲ್ಲವಂತೆ. ಇರಲಿ. ನಮ್ಮ ಸಾಲಿಯ ಮೀಟಿಂಗುಗಳೂ ನಡೆದೇ ಇವೆ. ಕೊನೆಗೆ ‘ಇತರೆ’ ಎಂದು ಓದಿದ ಕೂಡಲೇ ಎಲ್ಲರೂ ಚೀಲ ಎತ್ತಿಕೊಂಡು ಏಳುತ್ತಾರೆ. ನಾನೊಬ್ಬ ಮಾತ್ರ ಇನ್ನೂ ಕೂತಿರುತ್ತೇನೆ.