ಗೆರೆಯಮ್ಮನ ಗೋಡೆ

ಸಮುದ್ರದ ಕಡೆಗೆ ಇಳಿಯುವ ಬೀದಿಯ ಕೊನೆಯ ತಿರುವಿನಲ್ಲಿ, ಚಪ್ಪಲಿ ಅಂಗಡಿಗೂ ಬೇಕರಿಗೂ ನಡುವೆ ಒಂದು ಫೋಟೋ ಸ್ಟುಡಿಯೋ ಇದೆ. ಬೋರ್ಡಿನ ಮೇಲೆ ಏನೋ ಒಂದು ಹೆಸರಿದೆ, ಅದರ ಅರ್ಧವನ್ನು ಉಪ್ಪುಗಾಳಿ ತಿಂದುಹಾಕಿದೆ. ಉಳಿದರ್ಧವನ್ನು ಓದುವ ಗೋಜಿಗೆ ಯಾರೂ ಹೋಗುವುದಿಲ್ಲ. ಎಲ್ಲರಿಗೂ ಅದು ಗೆರೆಯಮ್ಮನ ಅಂಗಡಿ. ಬೀಚಿನಲ್ಲಿ ತೆಗೆದ ಫೋಟೋ ಪ್ರಿಂಟ್ ಹಾಕಿಸಲು ಯಾರೇ ಬರಲಿ, ಆಕೆ ಮೊದಲು ಕೇಳುವುದು "ಗೆರೆ ಎಲ್ಲಿ?" ಎಂದು. ನೀರೂ ಆಕಾಶವೂ ಸೇರುವ ಗೆರೆ. ಅದು ನೆಟ್ಟಗಿರಬೇಕು, ಫೋಟೋದ ನಟ್ಟನಡುವೆ ಬರಬಾರದು, ಯಾರ ಕುತ್ತಿಗೆಯ ಮೇಲೂ ಹಾಯಬಾರದು.

"ನಿಮ್ಮ ಯಜಮಾನ್ರ ತಲೆ ಕತ್ತರಿಸಿಟ್ಟಿದೀರಲ್ಲಮ್ಮಾ," ಎಂದು ಒಮ್ಮೆ ಹೊಸದಾಗಿ ಮದುವೆಯಾದ ಹುಡುಗಿಗೆ ಅಂದಿದ್ದಳು. "ನೋಡಿ, ಸಮುದ್ರ ಸರಿಯಾಗಿ ಕುತ್ತಿಗೆಗೇ ಬಂದು ಕೂತಿದೆ. ಮುಂದಿನ ಸಲ ಒಂಚೂರು ಬಗ್ಗಿ ತೆಗೀರಿ, ತಲೆ ಆಕಾಶದಲ್ಲಿರತ್ತೆ."

ಹುಡುಗಿ ಮೂತಿ ಊದಿಸಿಕೊಂಡು ಹೋದಳು. ಮುಂದಿನ ವಾರ ಗಂಡನ ತಲೆಯನ್ನು ಆಕಾಶಕ್ಕೆ ಏರಿಸಿದ ಫೋಟೋ ಹಿಡಿದು ಬಂದವಳೂ ಅವಳೇ. ಗೆರೆಯಮ್ಮನ ಬಾಯಿ ಅಂಥದ್ದು. ಕಡ್ಡಿ ಮುರಿದ ಹಾಗೆ ಹೇಳುತ್ತದೆ, ಹೇಳಿದ್ದು ಸುಳ್ಳಾಗುವುದಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ತಾನು ತೆಗೆದ ಫೋಟೋದ ವಿಷಯದಲ್ಲಿ ಪ್ರತಿಯೊಬ್ಬರೂ ಹೆತ್ತವರೇ. ಪಾದ ಕತ್ತರಿಸಿಹೋದ ಅತ್ತೆ, ಮೂಲೆಯಲ್ಲಿ ಯಾರದೋ ಅರ್ಧ ನಾಯಿ, ಮಗುವಿನ ನೆತ್ತಿಯಿಂದಲೇ ಮೊಳೆತು ನಿಂತ ದೀಪದ ಕಂಬ, ಇವೊಂದೂ ತೆಗೆದವರ ಕಣ್ಣಿಗೆ ಬೀಳುವುದಿಲ್ಲ. ಅವರಿಗೆ ಕಾಣುವುದು ಆ ದಿನದ ಖುಷಿ. ಗೆರೆಯಮ್ಮನಿಗೆ ಕಾಣುವುದು ಕಂಬ.

ಬೈಸಿಕೊಂಡವರೇ ಮತ್ತೆ ಮತ್ತೆ ಬಂದು, ಕೊನೆಗೆ ಭಾನುವಾರ ಬೆಳಿಗ್ಗೆ ಸ್ಟುಡಿಯೋದ ಹಿಂದಿನ ಕೋಣೆಯಲ್ಲಿ ಒಂದು ಸಣ್ಣ ಸಭೆ ಸೇರುವುದು ರೂಢಿಯಾಯಿತು. ಪಕ್ಕದ ಬೇಕರಿಯವನು, ಹಲ್ಲಿನ ಡಾಕ್ಟರು, ಆಗೀಗ ಇನ್ನೂ ಕೆಲವರು. ಸಭೆಗೆ ಕಟ್ಟುನಿಟ್ಟಾದ ನಿಯಮವಿತ್ತು. ಎಲ್ಲರೂ ತಮ್ಮ ಫೋಟೋವನ್ನು ಹೆಸರಿಲ್ಲದೆ, ಮುಖ ಕೆಳಗೆ ಮಾಡಿ, ಬೇಕರಿಯವನ ಹಳೆಯ ಬಿಸ್ಕತ್ತಿನ ಡಬ್ಬಿಯಲ್ಲಿ ಹಾಕಬೇಕು. ಗೆರೆಯಮ್ಮ ಒಂದೊಂದನ್ನೇ ತೆಗೆದು ಹಲಗೆಗೆ ಆನಿಸಿಟ್ಟು ಮಾತಾಡುತ್ತಾಳೆ. ಆಕೆ ಮುಗಿಸುವ ತನಕ ಯಾರೂ ತುಟಿ ಬಿಚ್ಚುವಂತಿಲ್ಲ. ಮುಗಿಸಿದ ಮೇಲೆ ಬೇಕಿದ್ದರೆ "ಇದು ನಂದು" ಅನ್ನಬಹುದು, ಬೇಡವಾದರೆ ಮರ್ಯಾದೆ ಉಳಿಸಿಕೊಂಡು ಸುಮ್ಮನಿರಬಹುದು. ಬೇಕರಿಯವನಿಗೆ ಮಾತ್ರ ಸುಮ್ಮನಿರಲು ಬರುವುದಿಲ್ಲ. ಒಮ್ಮೆ ಗೆರೆ ಸೊಟ್ಟಗಾಗಿದ್ದಕ್ಕೆ "ಅಕ್ಕಾ, ಅವತ್ತು ಸಮುದ್ರಾನೇ ಸೊಟ್ಟಗಿತ್ತು" ಎಂದು ವಾದಿಸಿದ್ದ. "ಕುಣೀಲಾರದವಳು ನೆಲ ಡೊಂಕು ಅಂದ್ಲಂತೆ, ಕೂತ್ಕೋ," ಎಂದಿದ್ದಳು ಗೆರೆಯಮ್ಮ.

ಪಾಸಾದ ಫೋಟೋಗಳು ಅಂಗಡಿಯ ಮುಂದಿನ ಗೋಡೆಗೆ ಏರುತ್ತಿದ್ದವು. ಬೀದಿಯಲ್ಲಿ ಹೋಗುವವರಿಗೆಲ್ಲ ಕಾಣುವ ಗೋಡೆ ಅದು. ಅಲ್ಲಿ ತನ್ನದೊಂದು ಫೋಟೋ ತೂಗಬೇಕೆಂಬ ಆಸೆ ಎಲ್ಲರಿಗೂ ಇತ್ತು, ಎಲ್ಲರಿಗಿಂತ ಹೆಚ್ಚಾಗಿ ಆಕೆಯ ಗಂಡನಿಗಿತ್ತು.

ಗಂಡ ಗಡಿಯಾರ ರಿಪೇರಿಯವರು. ಈಗ ಅಂಗಡಿ ಮುಚ್ಚಿ ಮನೆಯಲ್ಲಿದ್ದಾರೆ, ಆದರೂ ಊರಿಗೆ ಇವತ್ತಿಗೂ ಗಡಿಯಾರದವರೇ. ಆತುರವೆಂದರೇನೆಂದು ಗೊತ್ತಿಲ್ಲದ ಜೀವ. ಜೀವನವಿಡೀ ಬಲಗಣ್ಣಿಗೆ ಭೂತಗಾಜು ಸಿಕ್ಕಿಸಿಕೊಂಡು ಬಗ್ಗಿ ಕೂತು ಕೂತು ಕುತ್ತಿಗೆ ಎಡಕ್ಕೆ ವಾಲಿತ್ತು. ಕೆಲಸ ಬಿಟ್ಟ ಮೇಲೆ ಕ್ಯಾಮೆರಾ ಕೈಗೆತ್ತಿಕೊಂಡರು. ಕುತ್ತಿಗೆ ವಾಲಿದಷ್ಟೇ ಸಮುದ್ರವೂ ವಾಲಿತು. ಡಬ್ಬಿಯಿಂದ ಎಡಕ್ಕೆ ಇಳಿಜಾರಾದ ಫೋಟೋ ಬಂತೆಂದರೆ ಅದು ಯಾರದೆಂದು ಗೆರೆಯಮ್ಮನಿಗೆ ತಕ್ಷಣ ತಿಳಿಯುತ್ತಿತ್ತು. ಹಾಗೆಂದು ಗಂಡನಿಗೆ ಒಂದು ಮಾರ್ಕು ಜಾಸ್ತಿ ಕೊಡುವ ಪೈಕಿ ಅಲ್ಲ ಆಕೆ. "ಇದರಲ್ಲಿ ನೀರೆಲ್ಲ ಪಕ್ಕದ ಮನೆಗೆ ಹರಿದುಹೋಗತ್ತೆ," ಎಂದು ಪಕ್ಕಕ್ಕಿಡುತ್ತಿದ್ದಳು. ಸಭೆ ನಗುತ್ತಿತ್ತು, ಗಡಿಯಾರದವರೂ ನಗುತ್ತಿದ್ದರು.

ಒಂದು ದಿನ ಊಟಕ್ಕೆ ಕೂತಾಗ ಅವರು ಬಾಯಿಬಿಟ್ಟು ಕೇಳಿದರು. "ಒಂದೇ ಒಂದು ಫೋಟೋ ಕಣೇ. ನಿನ್ನ ಗೋಡೆ ಮೇಲೆ ನಂದೊಂದು ಇರ್ಬೇಕು ಅಂತ ಆಸೆ."

"ನೆಟ್ಟಗೆ ತೆಗೀರಿ, ಹಾಕ್ತೀನಿ. ಗಂಡ ಅಂತ ಹಾಕಿದ್ರೆ ಆ ಗೋಡೆಗೇನು ಬೆಲೆ?"

ಮಾತು ನ್ಯಾಯವಾದದ್ದೇ. ಗಡಿಯಾರದವರು ತಲೆಯಾಡಿಸಿ, ಮರುದಿನ ಗಾರೆ ಕೆಲಸದವನೊಬ್ಬನ ಹತ್ತಿರ ಹೋಗಿ ಬೆರಳುದ್ದದ ರಸಮಟ್ಟ ಇಸಕೊಂಡು ಬಂದರು. ಗೋಡೆ ನೆಟ್ಟಗಿದೆಯೋ ಇಲ್ಲವೋ ಎಂದು ನೋಡಲು ಗಾರೆಯವರು ಇಡುತ್ತಾರಲ್ಲ, ಒಳಗೊಂದು ಗುಳ್ಳೆ ಓಡಾಡುತ್ತದಲ್ಲ, ಅದೇ. ಅದನ್ನು ಗುಟ್ಟಾಗಿ ಕ್ಯಾಮೆರಾದ ನೆತ್ತಿಗೆ ಅಂಟಿಸಿಕೊಂಡರು.

ಆ ಭಾನುವಾರ ಡಬ್ಬಿಯ ತಳದಿಂದ ಬಂದ ಕೊನೆಯ ಫೋಟೋ ನೋಡಿ ಗೆರೆಯಮ್ಮನ ಹುಬ್ಬು ಮೇಲೇರಿತು. ಸೂರ್ಯ ಮುಳುಗುವ ಹೊತ್ತು. ಬೆಳಕಿಗೆ ಎದುರಾಗಿ ಕಪ್ಪು ಆಕೃತಿಯೊಂದು ದಡದಗುಂಟ ನಡೆದುಹೋಗುತ್ತಿದೆ. ಸೆರಗು ಸೊಂಟಕ್ಕೆ ಸಿಕ್ಕಿಸಿದ ಹೆಂಗಸು, ಬೆನ್ನ ಹಿಂದೆ ಕಟ್ಟಿದ ಕೈಯಲ್ಲಿ ಒಂದು ಜೊತೆ ಚಪ್ಪಲಿ.

"ಗೆರೆ ನೋಡಿ, ದಾರ ಹಿಡಿದು ಎಳೆದ ಹಾಗಿದೆ," ಎಂದಳು. "ಯಾರು ತೆಗೆದಿದ್ದೋ, ಶಭಾಷ್."

ಹಿಂದಿನ ಬೆಂಚಿನಲ್ಲಿ ಗಡಿಯಾರದವರು ಉಸಿರು ಬಿಗಿ ಹಿಡಿದರು. ಬೇಕರಿಯವನು ಡಾಕ್ಟರ ಪಕ್ಕೆಗೆ ಮೊಣಕೈಯಿಂದ ತಿವಿದ. ಡಾಕ್ಟರು ಕರವಸ್ತ್ರದಿಂದ ಬಾಯಿ ಮುಚ್ಚಿಕೊಂಡರು. ಗೆರೆಯಮ್ಮ ಇದೊಂದನ್ನೂ ಗಮನಿಸಲಿಲ್ಲ. ಆಕೆ ರಟ್ಟಿನ ತುಂಡೆರಡನ್ನು ಫೋಟೋದ ಮೇಲೆ ಸರಿಸಿ, ಎಲ್ಲಿ ಕತ್ತರಿಸಿದರೆ ಚೆಂದ ಎಂದು ನೋಡುತ್ತಿದ್ದಳು.

"ಆದ್ರೆ ಪುಣ್ಯ ಅಷ್ಟಕ್ಕೇ ಮುಗೀತು. ಈಯಮ್ಮನ್ನ ತಂದು ನಟ್ಟನಡುವೆ ನಿಲ್ಸಿದಾರೆ, ಸಮುದ್ರಕ್ಕೆ ಬೀಗ ಹಾಕಿದ ಹಾಗಿದೆ. ಒಂದು ಪಕ್ಕಕ್ಕಿಟ್ಟು, ಹೋಗೋ ಕಡೆ ಜಾಗ ಬಿಡ್ಬೇಕಿತ್ತು. ಸರಿ, ಅದನ್ನಾದ್ರೂ ಕತ್ತರಿಸಿ ಸರಿಮಾಡ್ಬಹುದು. ಬರೀ ಬೆನ್ನು ತೋರ್ಸಿದ್ರೆ ಏನು ಮಾಡೋದು? ನಡಿಗೆ ನೋಡಿ, ಊರೆಲ್ಲ ತನ್ನ ಹಿಂದೆ ಬರ್ತಿದೆ ಅನ್ನೋ ಹಾಗಿದೆ! ಮುಖ ಇಲ್ದೆ ನೋಡೋರಿಗೆ ಈಯಮ್ಮ ಯಾರಾದ್ರೇನು? ಫೋಟೋ ತೆಗೆಯೋರಿಗೆ ತಾಳ್ಮೆ ಬೇಕು. ಕಾಯ್ಬೇಕಿತ್ತು. ತಿರುಗೋ ತನಕ ಕಾಯ್ಬೇಕಿತ್ತು."

ಆಕೆಯ ಮಾತು ಮುಗಿಯಿತು. ನಿಯಮದ ಪ್ರಕಾರ ಈಗ ಯಾರು ಬೇಕಾದರೂ ಬಾಯಿ ತೆರೆಯಬಹುದಿತ್ತು.

"ಕಾದೆ ಕಣೇ," ಎಂದರು ಗಡಿಯಾರದವರು. "ತಿರುಗ್ಲಿಲ್ಲ."

ಗೆರೆಯಮ್ಮ ಗಂಡನನ್ನು ನೋಡಿದಳು, ಫೋಟೋ ನೋಡಿದಳು. ತನ್ನ ಬೆನ್ನು ತನಗೆ ಕಾಣದು ಎಂಬ ಮಾತನ್ನು ಎಷ್ಟೋ ಜನಕ್ಕೆ ಹೇಳಿದ್ದ ಹೆಂಗಸು ಮೊದಲ ಬಾರಿಗೆ ತನ್ನ ಬೆನ್ನನ್ನು ಕಂಡಳು.

"ಇದು ನಾನಾ?"

"ಅಕ್ಕಾ, ಆ ಚಪ್ಪಲಿ ಹಿಡಿಯೋ ಗತ್ತು ಇನ್ಯಾರಿಗಿದೆ?" ಎಂದ ಬೇಕರಿಯವನು. ಯಾರೂ ನಗಲಿಲ್ಲ. ಅವನಿಗೇ ಮುಜುಗರವಾಗಿ ಡಬ್ಬಿಯ ಮುಚ್ಚಳ ಹುಡುಕತೊಡಗಿದ.

ಗೆರೆಯಮ್ಮ ರಟ್ಟಿನ ತುಂಡುಗಳನ್ನು ಮಡಿಲಲ್ಲಿಟ್ಟುಕೊಂಡಳು. "ಸಭೆಯಲ್ಲಿ ಆಡಿದ ಮಾತು ಆಡಿದ್ದೇ. ಇದು ಪಾಸಿಲ್ಲ," ಎಂದಳು. ಗಡಿಯಾರದವರು ಎಂದಿನ ಹಾಗೆ ತಲೆಯಾಡಿಸಿದರು. ಆದರೆ ಈ ಸಲ ಅವರು ನಗಲಿಲ್ಲ. ಅದು ಆಕೆಯ ಕಣ್ಣಿಗೆ ಬಿತ್ತು.

ಸಂಜೆ ಇಬ್ಬರೂ ಎಂದಿನಂತೆ ಬೀಚಿಗೆ ಹೋದರು. ಮರಳಿಗೆ ಕಾಲಿಟ್ಟದ್ದೇ ಗೆರೆಯಮ್ಮನ ಕಾಲು ತಾನಾಗಿಯೇ ಚುರುಕಾಯಿತು. ಸೆರಗು ಸೊಂಟಕ್ಕೆ ಹೋಯಿತು, ಚಪ್ಪಲಿ ಕೈಗೆ ಬಂತು, ಕೈ ಬೆನ್ನ ಹಿಂದೆ ಹೋಯಿತು. ಆಗ ಆಕೆಗೆ ಫೋಟೋದಲ್ಲಿ ಕಂಡ ಕೈಯ ನೆನಪಾಗಿ ನಾಚಿಕೆಯಾಯಿತು. ನಾಚಿಕೆಯ ಹಿಂದೆಯೇ ಸಂಕಟವಾಯಿತು. ಅಂಗಡಿಯನ್ನು ಮೇಲೆತ್ತುವಾಗಲೂ, ಮಕ್ಕಳನ್ನು ಶಾಲೆಗೆ ಓಡಿಸುವಾಗಲೂ, ಬಸ್ಸು ಹತ್ತುವಾಗಲೂ ತಾನು ಮುಂದೆ, ಅವರು ಹಿಂದೆ. ಬರುತ್ತಿದ್ದಾರೆ ಎಂಬ ಧೈರ್ಯವಿತ್ತು, ಅದಕ್ಕೇ ಒಮ್ಮೆಯೂ ತಿರುಗಿ ನೋಡಿರಲಿಲ್ಲ. ಆ ಮನುಷ್ಯ ಕಾದದ್ದು ಒಂದು ಸಂಜೆಯಲ್ಲ ಎಂದು ಆಕೆಗೆ ಅನ್ನಿಸಿತು.

ಗೆರೆಯಮ್ಮ ನಿಂತಳು. ತಿರುಗಿದಳು.

ತುಂಬ ದೂರದಲ್ಲಿ, ಒದ್ದೆ ಮರಳಿನ ಮೇಲೆ, ಗಡಿಯಾರದವರು ಕ್ಯಾಮೆರಾ ಕಣ್ಣಿಗೆ ಹಿಡಿದು ನಿಂತಿದ್ದರು. ಆಕೆ ಸೆರಗು ಬಿಚ್ಚಿ ಹೊದ್ದುಕೊಂಡು, ಕೂದಲು ಸರಿಮಾಡಿಕೊಂಡು, ನಟ್ಟನಡುವೆ ಆಗಬಾರದೆಂದು ಒಂದು ಹೆಜ್ಜೆ ಪಕ್ಕಕ್ಕೂ ಸರಿದು ನಿಂತಳು. ಎಷ್ಟು ಹೊತ್ತಾದರೂ ಕ್ಲಿಕ್ ಅನ್ನಲಿಲ್ಲ. ಅವರು ಕ್ಯಾಮೆರಾವನ್ನು ಮೆಲ್ಲಗೆ ಎದೆಗಿಳಿಸಿದರು.

"ಏನ್ರೀ, ತೆಗೀಲಿಲ್ವಾ?" ಎಂದು ಕೂಗಿದಳು.

"ನೋಡ್ತಾ ನಿಂತೆ ಕಣೇ! ಒತ್ತೋದು ಮರೆತೇಹೋಯ್ತು!"

ಬೇರೆ ದಿನವಾಗಿದ್ದರೆ ಆಕೆ ಅವರ ಚಳಿ ಬಿಡಿಸುತ್ತಿದ್ದಳು. ಅಂದು ಅವರು ನಿಧಾನಕ್ಕೆ ನಡೆದು ಪಕ್ಕಕ್ಕೆ ಬಂದು ಸೇರುವ ತನಕ ಅಲ್ಲೇ ನಿಂತಿದ್ದಳು.

ಮುಂದಿನ ಭಾನುವಾರ ಸಭೆಯವರು ಬಂದಾಗ ಗೆರೆಯಮ್ಮ ಸ್ಟೂಲು ಹತ್ತಿ ಮುಂದಿನ ಗೋಡೆಗೆ ಮೊಳೆ ಹೊಡೆಯುತ್ತಿದ್ದಳು. ಅದೇ ಬೆನ್ನಿನ ಫೋಟೋ, ಒಂದು ಕೂದಲಷ್ಟನ್ನೂ ಕತ್ತರಿಸದೆ ಕಟ್ಟು ಹಾಕಿಸಿದ್ದಳು.

"ಇದು ಪಾಸಾಗಿರ್ಲಿಲ್ವಲ್ಲಕ್ಕಾ?" ಬೇಕರಿಯವನು ಕೇಳಿಯೇಬಿಟ್ಟ.

"ತೆಗೆದವರು ನೆಟ್ಟಗೇ ತೆಗೆದಿದ್ರು. ಫೇಲಾಗಿದ್ದು ನಾನು," ಎಂದು ಕಟ್ಟನ್ನು ಮೊಳೆಗೆ ಸಿಕ್ಕಿಸಿ ಸ್ಟೂಲಿನಿಂದ ಇಳಿದಳು.

ಗಡಿಯಾರದವರು ಗೋಡೆಯ ಹತ್ತಿರ ಹೋದರು. ಬಹಳ ಹೊತ್ತು ನೋಡಿದರು. ಆಮೇಲೆ ಜೇಬಿನಿಂದ ರಸಮಟ್ಟ ತೆಗೆದು ಕಟ್ಟಿನ ಮೇಲಿಟ್ಟು, ಗುಳ್ಳೆ ನಿಲ್ಲುವ ತನಕ ಕಾದರು.

"ಚೂರು ಎಡಕ್ಕೆ ವಾಲಿದೆ ಕಣೇ," ಎಂದರು.

ಗೆರೆಯಮ್ಮ ತಿರುಗಿ ನೋಡಿದಳು. ನಿಜ, ವಾಲಿತ್ತು.

"ಇರ್ಲಿ ಬಿಡಿ," ಎಂದಳು.