‘ನಿಲ್’ ಎಂದು ಬರೆದ ಕಾಲಂ

2023ರ ಜೂನ್. ನಾಯಂಡಹಳ್ಳಿಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ನಾನು ಮುಖ್ಯ ಶಿಕ್ಷಕಿ. ನಿವೃತ್ತಿಗೆ ಎರಡು ವರ್ಷ ಬಾಕಿ ಇತ್ತು. ಶಾಲೆಯಲ್ಲಿ ನೂರಾ ಹದಿನೆಂಟು ಮಕ್ಕಳು. ಹೆಚ್ಚಿನವರ ಅಪ್ಪಂದಿರು ಯಾದಗಿರಿ, ರಾಯಚೂರು ಕಡೆಯಿಂದ ಬಂದು ಸುತ್ತಲಿನ ವರ್ಕ್‌ಶಾಪುಗಳಲ್ಲಿ ದುಡಿಯುವವರು.

ಶಾಲೆಗೆ ವರ್ಷಕ್ಕೆ ಅರವತ್ತು ಸಾವಿರ ರೂಪಾಯಿ ಅನುದಾನ ಬರುತ್ತಿತ್ತು. ಕರೆಂಟು, ಚಾಕ್, ಕಾಗದಕ್ಕೆ ಹತ್ತು ಸಾವಿರ. ಶೌಚಾಲಯ ತೊಳೆಯುವ ಯಂಕಮ್ಮನಿಗೆ ತಿಂಗಳಿಗೆ ಮೂರು ಸಾವಿರದಂತೆ ಹತ್ತು ತಿಂಗಳಿಗೆ ಮೂವತ್ತು ಸಾವಿರ. ಉಳಿದ ಇಪ್ಪತ್ತು ಸಾವಿರ ದುರಸ್ತಿಗೆ. ಅದನ್ನು ನಾನು ಎರಡು ವರ್ಷದಿಂದ ಮುಟ್ಟದೆ ಹಿಂದಿರುಗಿಸಿದ್ದೆ. ಸರ್ಕಾರದ ದುಡ್ಡು ಉಳಿಸಿದೆನೆಂದು ನನಗೆ ಒಳಗೊಳಗೇ ಹೆಮ್ಮೆ ಇತ್ತು.

ಜೂನ್ ಎರಡನೇ ವಾರ ಆ ವರ್ಷದ ಅನುದಾನದ ಪಟ್ಟಿ ಬಂತು. ನಮ್ಮ ಹೆಸರಿನ ಮುಂದೆ ಮೂವತ್ತು ಸಾವಿರ ಎಂದಿತ್ತು. ತಪ್ಪು ಬಿದ್ದಿರಬೇಕೆಂದು ಇಲಾಖೆಯ ಕಚೇರಿಗೆ ಹೋದೆ. ಅಲ್ಲಿದ್ದ ಗುಮಾಸ್ತರು ಪರದೆಯನ್ನು ನನ್ನ ಕಡೆ ತಿರುಗಿಸಿದರು.

“ಯಾರೂ ಕಟ್ ಮಾಡಿಲ್ಲ ಮೇಡಂ, ಸಿಸ್ಟಮ್ಮೇ ಮಾಡಿರೋದು.”

ಎರಡು ವರ್ಷ ಸತತವಾಗಿ ಕಾಲು ಭಾಗಕ್ಕಿಂತ ಹೆಚ್ಚು ಹಣ ಹಿಂದಿರುಗಿಸಿದ ಶಾಲೆಗೆ ಅಷ್ಟು ಹಣದ ಅಗತ್ಯವಿಲ್ಲ ಎಂಬುದು ಹೊಸ ನಿಯಮ. ಅಂಥ ಶಾಲೆಯ ಅನುದಾನ ತಾನಾಗಿಯೇ ಅರ್ಧಕ್ಕೆ ಇಳಿಯುತ್ತದೆ.

ನಾನು ಅಲ್ಲೇ ಲೆಕ್ಕ ಹಾಕಿದೆ. ಚಾಕ್, ಕರೆಂಟು ಕಳೆದರೆ ಯಂಕಮ್ಮನಿಗೆ ಆರೂವರೆ ತಿಂಗಳ ಸಂಬಳ. ಡಿಸೆಂಬರ್ ದಾಟಿದರೆ ಶೌಚಾಲಯಕ್ಕೆ ಬೀಗ. ಯಂಕಮ್ಮ ಬರುವುದಕ್ಕೆ ಮೊದಲು ಆ ಬೀಗ ನಾನು ನೋಡಿದ್ದೆ. ಆರು, ಏಳನೇ ತರಗತಿಯ ಹುಡುಗಿಯರು ಮಧ್ಯಾಹ್ನ ಮನೆಗೆ ಹೋದವರು ವಾಪಸ್ ಬರುತ್ತಿರಲಿಲ್ಲ. ಆ ವರ್ಷ ಏಳು ಜನ ಶಾಲೆ ಬಿಟ್ಟರು.

ದುರಸ್ತಿ ಖರ್ಚು ಏಕೆ ಸೊನ್ನೆ ಎಂದು ಗುಮಾಸ್ತರು ಕೇಳಿದರು. ಅಪ್ಪಂದಿರೇ ಬಂದು ಮಾಡಿಕೊಡುತ್ತಾರೆ ಎಂದೆ. ಬೆಂಚು ಬೆಸೆಯುವ ಮಲ್ಲಪ್ಪನಿಗೆ ಒಮ್ಮೆ ಕೂಲಿ ಕೊಡಲು ಹೋದಾಗ, “ನನ್ನ ಮಗಳು ಕುಂದ್ರೋ ಬೆಂಚು ರೀ ಟೀಚರ್, ಅದಕ್ಯಾಕ ರೊಕ್ಕ” ಎಂದು ಕೈ ಒರೆಸಿಕೊಂಡು ಹೋಗಿದ್ದ. ಹಾಗಾದರೆ ವಾರ್ಷಿಕ ವರದಿಯ ‘ಸಮುದಾಯದ ಕೊಡುಗೆ’ ಕಾಲಂನಲ್ಲಿ ಅದನ್ನೆಲ್ಲ ಬೆಲೆ ಕಟ್ಟಿ ಬರೆಯಬೇಕಿತ್ತು, ಬರೆದಿದ್ದರೆ ಅದೂ ಖರ್ಚೆಂದೇ ಸೇರಿ ಕಡಿತ ಬೀಳುತ್ತಿರಲಿಲ್ಲ ಎಂದರು ಗುಮಾಸ್ತರು. “ನೀವು ಎರಡೂ ವರ್ಷ ‘ನಿಲ್’, ಏನೂ ಇಲ್ಲ, ಅಂತ ಬರೆದಿದ್ದೀರಿ.”

ಮರೆತು ಬರೆದದ್ದಲ್ಲ. ಬೇಕೆಂದೇ ಬರೆದಿದ್ದೆ.

ನಮ್ಮ ಸುತ್ತಲಿನ ಹನ್ನೊಂದು ಶಾಲೆಗಳು ಸೇರಿ ಒಂದು ಕ್ಲಸ್ಟರ್. ಆ ವರದಿಯನ್ನು ಕ್ಲಸ್ಟರ್ ಸಭೆಯಲ್ಲಿ ಎಲ್ಲರೆದುರು ಗಟ್ಟಿಯಾಗಿ ಓದುತ್ತಾರೆ. ಆ ಸಭೆಯಲ್ಲಿ ಬಾಪೂಜಿ ನಗರದ ಶಾಲೆಯ ಮುಖ್ಯ ಶಿಕ್ಷಕಿ ಗಿರಿಜಾ ಇರುತ್ತಿದ್ದರು. ಇಸ್ತ್ರಿ ಮುರಿಯದ ಸೀರೆ, ಪ್ರತಿ ವರ್ಷ ಹೊಸ ಬಣ್ಣದ ಗೋಡೆ, ಅಧಿಕಾರಿಗಳು ಫೋಟೋ ತೆಗೆಸಿಕೊಳ್ಳುವ ಶಾಲೆ. “ಗಿರಿಜಾ ಮೇಡಂ ಹತ್ರ ಕಲೀರಿ” ಎಂದು ಸಾಹೇಬರು ನನ್ನ ಕಡೆಯೇ ನೋಡಿ ಹೇಳಿದಂತೆ ಅನ್ನಿಸುತ್ತಿತ್ತು. ನನಗೆ ಹೊಟ್ಟೆ ಉರಿಯುತ್ತಿತ್ತು. ಆಕೆಗಿಲ್ಲದ್ದು ನನ್ನ ಹತ್ತಿರ ಒಂದೇ ಇತ್ತು, ಆ ಅಪ್ಪಂದಿರು. ಹೆಸರು ಓದಿದರೆ ಮರುದಿನವೇ ಗಿರಿಜಾ ಮಲ್ಲಪ್ಪನನ್ನು ಹಾರಿಸಿಕೊಂಡು ಹೋಗುತ್ತಾರೆಂದು ಗುಟ್ಟು ಬಿಡದೆ ಕೂತಿದ್ದೆ.

ಆಕ್ಷೇಪಣೆಗೆ ಹತ್ತು ದಿನ ಕಾಲಾವಕಾಶ. ಆದರೆ ಹಳೆಯ ಕೊಡುಗೆಯನ್ನು ಈಗ ಸೇರಿಸಬೇಕಾದರೆ ಹತ್ತಿರದ ಸರ್ಕಾರಿ ಶಾಲೆಯ ಮುಖ್ಯಸ್ಥರು ಬಂದು ನೋಡಿ ಸಹಿ ಮಾಡಬೇಕು. ಯಾವ ಶಾಲೆ ಹತ್ತಿರವೆಂದು ನಾನು ಕೇಳಲಿಲ್ಲ. ಗೊತ್ತಿತ್ತು, ಬಾಪೂಜಿ ನಗರದ್ದೇ.

ಮೂರು ದಿನ ಸುಮ್ಮನೆ ಕಳೆದೆ. ಆಕೆಯ ಮುಂದೆ ಕೈಚಾಚುವುದಕ್ಕಿಂತ ನನ್ನ ಸಂಬಳದಿಂದಲೇ ಯಂಕಮ್ಮನಿಗೆ ಕೊಡಬಹುದಲ್ಲ ಎಂದೂ ಯೋಚಿಸಿದೆ. ನಾನು ಹೋದ ಮೇಲೆ ಕೊಡುವವರು ಯಾರು? ನಾಲ್ಕನೇ ದಿನ ಫೋನ್ ಮಾಡಿದೆ.

ಶನಿವಾರ ಶಾಲೆ ಬಿಟ್ಟ ಮೇಲೆ ಗಿರಿಜಾ ಬಂದರು. ಬೆಂಚಿನ ಬೆಸುಗೆಯ ಮೇಲೆ ಹೆಬ್ಬೆರಳು ಒತ್ತಿ ನೋಡಿದರು. ಪ್ರತಿ ನಲ್ಲಿ ತಿರುಗಿಸಿದರು. ಶೌಚಾಲಯದ ಟೈಲ್ಸ್ ಎಣಿಸಿದರು. ಒಂದೊಂದಕ್ಕೂ ಯಾರು ಮಾಡಿದ್ದು, ಎಲ್ಲಿ ಕೆಲಸ ಮಾಡುತ್ತಾರೆ ಎಂದು ಕೇಳಿದರು. ನಾನು ಒಂದೊಂದೇ ಹೆಸರು ಬಿಟ್ಟುಕೊಟ್ಟೆ. ಮನೆಯ ಚಿನ್ನ ಅಡವಿಟ್ಟ ಹಾಗಾಗುತ್ತಿತ್ತು. ಎರಡು ವರ್ಷದ ಕೆಲಸದ ಬೆಲೆ ನಲವತ್ತಮೂರು ಸಾವಿರವಾಯಿತು.

ಪೆನ್ನು ತೆಗೆದವರು ಸಹಿ ಮಾಡದೆ ನನ್ನ ಮುಖ ನೋಡಿದರು.

“ಇಷ್ಟು ಜನ ಇದ್ದೂ ನಿಲ್ ಅಂತ ಯಾಕ್ರೀ ಬರೆದ್ರಿ?”

ಸುಳ್ಳು ಹೇಳಬಹುದಿತ್ತು. “ನೀವು ಕರ್ಕೊಂಡ್ ಹೋಗ್ಬಿಡ್ತೀರಾ ಅಂತ” ಎಂದೆ.

ಅವರು ನಗಲಿಲ್ಲ. “ಹೋಗ್ತಿದ್ದೆ ಕಣ್ರೀ. ನಮ್ಮಲ್ಲಿ ಒಂದು ನಲ್ಲಿ ಕೆಟ್ರೂ ಬಿಲ್ಲೇ. ಒಬ್ಬ ಅಪ್ಪನೂ ಗೇಟಿನ ಒಳಗೆ ಬರಲ್ಲ.”

ಸಹಿ ಮಾಡಿ, ಸೀಲು ಒತ್ತಿ, ಕಾಗದವನ್ನು ನನ್ನ ಕೈಗೆ ಕೊಟ್ಟರು. ಅದಾದ ಮೇಲೆ ಬ್ಯಾಗಿನಿಂದ ಫೋನ್ ತೆಗೆದು ಮಲ್ಲಪ್ಪನ ನಂಬರ್ ಕೇಳಿದರು. ಸಹಿಗೆ ಮೊದಲೇ ಕೇಳಿದ್ದರೆ ನಾನು ಕೊಡಲೇಬೇಕಿತ್ತು, ಅದು ಆಕೆಗೂ ಗೊತ್ತಿತ್ತು. ಆ ಜಾಗದಲ್ಲಿ ನಾನಿದ್ದಿದ್ದರೆ ಮೊದಲೇ ಕೇಳುತ್ತಿದ್ದೆ. ಇದರಲ್ಲೂ ಆಕೆಯೇ ಗೆದ್ದರಲ್ಲ ಎಂದು ಕುದಿಯುತ್ತಲೇ ನಂಬರ್ ಹೇಳಿದೆ.

ಆಗಸ್ಟ್‌ನಲ್ಲಿ ಕಡಿತ ರದ್ದಾಯಿತು. ಯಂಕಮ್ಮ ಮಾರ್ಚ್ ಕೊನೆಯವರೆಗೂ ಬಂದಳು. ಆ ವರ್ಷ ಒಬ್ಬ ಹುಡುಗಿಯೂ ಶಾಲೆ ಬಿಡಲಿಲ್ಲ. ಮುಂದಿನ ವರದಿಯಲ್ಲಿ ನಮ್ಮ ಶಾಲೆಯ ಆ ಕಾಲಂ ಓದಿ ಮುಗಿಸಲು ನಾಲ್ಕು ನಿಮಿಷ ಹಿಡಿಯಿತು.

ಮೂವತ್ತೊಂದು ವರ್ಷದ ನೌಕರಿಯಲ್ಲಿ ಕಲಿತದ್ದನ್ನು ಹೇಳಿ ಎಂದು ಬೀಳ್ಕೊಡುಗೆಯ ದಿನ ಹೊಸ ಶಿಕ್ಷಕಿಯರು ಕೇಳಿದರು. ಶಾಲೆಗೆ ಯಾರು ಏನು ಮಾಡಿಕೊಟ್ಟರೂ ಅಂದೇ ಬರೆದಿಡಿ, ಬರೆಯದ ಕೆಲಸ ಸರ್ಕಾರದ ಕಣ್ಣಿಗೆ ಆಗದ ಕೆಲಸ ಎಂದೆ. ಉಳಿದದ್ದನ್ನು ಅಂದು ಹೇಳಲಿಲ್ಲ. ಮಕ್ಕಳ ಪಾಲಿನ ದುಡ್ಡಿಗೆ ಕತ್ತರಿ ಬಿದ್ದದ್ದು ಸಿಸ್ಟಮ್ಮಿನಿಂದಲ್ಲ, ನನ್ನ ಹೊಟ್ಟೆಕಿಚ್ಚಿನಿಂದ.

ಮಲ್ಲಪ್ಪ ಎರಡು ಭಾನುವಾರ ಕೂತು ಬಾಪೂಜಿ ನಗರದ ಶಾಲೆಗೆ ಹೊಸ ಗೇಟು ಮಾಡಿಕೊಟ್ಟ. ಅದರ ಬೆಸುಗೆ ನಮ್ಮ ಬೆಂಚುಗಳಿಗಿಂತ ನುಣುಪಾಗಿದೆ. ತರಕಾರಿಗೆ ಹೋಗುವಾಗ ಆ ಗೇಟು ಕಣ್ಣಿಗೆ ಬೀಳದಂತೆ ನಾನು ಈಗಲೂ ಪಕ್ಕದ ರಸ್ತೆಯಲ್ಲಿ ಸುತ್ತು ಹಾಕಿಕೊಂಡು ಹೋಗುತ್ತೇನೆ.